ಟ್ಯೂಲಿಪ್ ಊರಿನ ಸ್ಪ್ಯಾನಿಷ್ ಪಾಠಶಾಲೆ

ಅಮೆರಿಕದ ಮಿಷಿಗನ್ ರಾಜ್ಯದ ಪಶ್ಚಿಮದಂಚಿನಲ್ಲಿ, ಸಮುದ್ರವೆಂಬ ಭ್ರಮೆಯನ್ನು ಹುಟ್ಟಿಸುವಷ್ಟು ವಿಶಾಲವಾದ ಮಿಷಿಗನ್ ಸರೋವರದ ಸಮೀಪದಲ್ಲಿ, ಹಾಲೆಂಡ್ ಎಂಬ ಊರಿದೆ. ಅಲ್ಲಿಂದ ಪೂರ್ವಕ್ಕೆ ಐದಾರು ಮೈಲಿ ಹೋದರೆ ಜೀಲೆಂಡ್. ಹೆಸರು ಕೇಳಿದವರು ಇವು ಯೂರೋಪಿನ ಊರುಗಳೆಂದು ಭಾವಿಸಿದರೆ ಅದು ಅವರ ತಪ್ಪಲ್ಲ. ನೆದರ್ಲೆಂಡ್ಸಿನ ರಾಜಮಾನ್ಯ ಚರ್ಚಿನಿಂದ 1834ರಲ್ಲಿ ಸಿಡಿದು ಬೇರೆಯಾದ ಭಕ್ತರ ಗುಂಪೊಂದು, ಆಳುವವರ ಕಿರುಕುಳವನ್ನೂ ಆಲೂಗೆಡ್ಡೆಯ ಬೆಳೆ ಕೆಟ್ಟುಹೋದ ವರ್ಷಗಳ ಹಸಿವನ್ನೂ ತಾಳಲಾರದೆ ಕಡಲು ದಾಟಿತು. ಆಲ್ಬರ್ಟಸ್ ವಾನ್ ರಾಲ್ಟೆ ಎಂಬ ಪಾದ್ರಿಯ ಮುಂದಾಳುತನದಲ್ಲಿ ಅವರು 1847ರಲ್ಲಿ ಇಲ್ಲಿಯ ಕಾಡನ್ನು ಕಡಿದು ನೆಲೆಸಿದರು. ಅಲ್ಲಿ ಮೊದಲಿನಿಂದ ಬಾಳಿದ್ದ ಒಡಾವ ಜನರು ಎರಡೇ ವರ್ಷಗಳಲ್ಲಿ ಉತ್ತರಕ್ಕೆ ಸರಿದುಹೋದರು.

ಇಂದು ಈ ಊರು ತನ್ನ ಮೂಲವನ್ನು ಹಬ್ಬವಾಗಿ ಆಚರಿಸುತ್ತದೆ. ಪ್ರತಿವರ್ಷ ಮೇ ತಿಂಗಳಲ್ಲಿ ಬೀದಿಯ ಇಕ್ಕೆಲಗಳಲ್ಲೂ ಕೆಂಪು, ಹಳದಿ, ನೇರಳೆ ಬಣ್ಣದ ಟ್ಯೂಲಿಪ್ ಹೂವುಗಳು ಸಾಲುಗಟ್ಟಿ ಅರಳುತ್ತವೆ. 1964ರಲ್ಲಿ ನೆದರ್ಲೆಂಡ್ಸಿನಿಂದ ಕಳಚಿ ತಂದು ನಿಲ್ಲಿಸಿದ ಹಳೆಯ ಗಾಳಿಗಿರಣಿಯೊಂದು ಊರಿನ ಅಂಚಿನಲ್ಲಿ ರೆಕ್ಕೆ ಬೀಸುತ್ತದೆ. ಶಾಲೆಯ ಮಕ್ಕಳು ಅಜ್ಜನ ಕಾಲದ ಉಡುಪು ತೊಟ್ಟು, ಮರದ ಪಾದರಕ್ಷೆಗಳನ್ನು ಟಕಟಕ ಸದ್ದು ಮಾಡುತ್ತ ಮೆರವಣಿಗೆ ಹೊರಡುತ್ತಾರೆ. ಆ ಮಕ್ಕಳಲ್ಲಿ ಕೆಲವರನ್ನು ಕರೆದು ಮಾತನಾಡಿಸಿದರೆ ಮಾತ್ರ ಪ್ರವಾಸಿಗೆ ಒಂದು ಅಚ್ಚರಿ ಕಾದಿರುತ್ತದೆ. ಅವರಿಗೆ ಡಚ್ ಭಾಷೆ ಬಾರದು, ಸ್ಪ್ಯಾನಿಷ್ ಬರುತ್ತದೆ!

ಹಾಲೆಂಡ್, ಜೀಲೆಂಡ್ ಹಾಗೂ ಸಮೀಪದ ಗ್ರ್ಯಾಂಡ್ ರಾಪಿಡ್ಸ್ ನಗರದ ಕ್ರೈಸ್ತ ಶಾಲೆಗಳಲ್ಲಿ ಇಂಗ್ಲಿಷ್ ಮನೆಮಾತಿನ ಮಕ್ಕಳಿಗೆ ಶಿಶುವಿಹಾರದಿಂದಲೇ ಸ್ಪ್ಯಾನಿಷಿನಲ್ಲಿ ಪಾಠ ಹೇಳುವ ತರಗತಿಗಳಿವೆ. ಇಲ್ಲಿ ಭಾಷೆಯನ್ನು ಪ್ರತ್ಯೇಕ ಪಾಠವಾಗಿ ಕಲಿಸುವುದಿಲ್ಲ. ಲೆಕ್ಕ, ವಿಜ್ಞಾನ, ಪ್ರಾರ್ಥನೆ, ಆಟ ಎಲ್ಲವನ್ನೂ ಆ ಭಾಷೆಯಲ್ಲಿಯೇ ನಡೆಸುತ್ತಾರೆ. ಈಜು ಕಲಿಯುವವನನ್ನು ಕೆರೆಗೆ ಇಳಿಸಿದಂತೆ ಮಗುವನ್ನು ಭಾಷೆಯಲ್ಲಿ ಮುಳುಗಿಸುವ ಈ ಕ್ರಮಕ್ಕೆ 'ಇಮರ್ಷನ್' ಎಂದು ಹೆಸರು. ಕೆನಡಾದ ಮಾಂಟ್ರಿಯಲ್ ಬಳಿಯ ಸೇಂಟ್ ಲ್ಯಾಂಬರ್ಟ್ ಎಂಬಲ್ಲಿ, ಇಂಗ್ಲಿಷ್ ಮಾತನಾಡುವ ತಂದೆತಾಯಿಗಳ ಒತ್ತಾಯದಿಂದ 1965ರಲ್ಲಿ ಫ್ರೆಂಚ್ ಭಾಷೆಗಾಗಿ ಇದು ಆರಂಭವಾಯಿತು. 1971ರಲ್ಲಿ ಕ್ಯಾಲಿಫೋರ್ನಿಯದ ಕಲ್ವರ್ ಸಿಟಿಯಲ್ಲಿ ಸ್ಪ್ಯಾನಿಷಿಗೆ ಅನ್ವಯವಾಗಿ, ಅಲ್ಲಿಂದ ದೇಶದ ಹಲವೆಡೆಗೆ ಹರಡಿತು.

ಚಂದ್ರನ ವಾರ, ಮಂಗಳನ ವಾರ

ಸೋಮವಾರದ ಬೆಳಗು. ಸರೋವರದ ಮೇಲಿಂದ ಬೀಸುವ ಗಾಳಿ ಈ ಭಾಗಕ್ಕೆ ಹೇರಳವಾಗಿ ಹಿಮವನ್ನು ತಂದು ಸುರಿಯುವುದರಿಂದ, ಚಳಿಗಾಲದಲ್ಲಿ ಶಾಲೆಯ ಮೊದಲ ಪಾಠ ನಡೆಯುವುದು ಬಾಗಿಲ ಬಳಿಯಲ್ಲಿಯೇ. ಕಳಚಿಟ್ಟ ಬೂಟು 'ಬೋತಾಸ್', ಕೈಚೀಲ 'ಗ್ವಾಂತೆಸ್', ಟೊಪ್ಪಿಗೆ 'ಗೋರ್ರೊ'. ಒಂದೊಂದನ್ನೂ ಹೆಸರಿಸಿ ಅದರದರ ಗೂಟಕ್ಕೆ ತೂಗುಹಾಕಿದ ಮೇಲೆ ಮಕ್ಕಳು ಪಂಚಾಂಗದ ಮುಂದೆ ಚಾಪೆಯ ಮೇಲೆ ಕೂರುತ್ತಾರೆ. ಇಂದು ಯಾವ ವಾರ? 'ಲೂನೆಸ್'!

ಇಂಗ್ಲಿಷ್ ಮಕ್ಕಳು ಕಷ್ಟಪಟ್ಟು ಬಾಯಿಪಾಠ ಮಾಡುವ ಈ ವಾರಗಳ ಹೆಸರುಗಳು ಕನ್ನಡಿಗರಿಗೆ ಸುಲಭವಾಗಿ ಒಲಿಯುವಂಥವು. ಲೂನಾ ಎಂದರೆ ಚಂದ್ರ. ಆದುದರಿಂದ ಲೂನೆಸ್ ನಮ್ಮ ಸೋಮವಾರ. ಮಾರ್ತೆಸ್ ಮಂಗಳನದು, ಮಿಯೆರ್ಕೊಲೆಸ್ ಬುಧನದು, ಹ್ವೇಬೆಸ್ ಗುರುವಿನದು, ಬಿಯೆರ್ನೆಸ್ ಶುಕ್ರನದು. ಇಂಗ್ಲಿಷಿನಲ್ಲಿ ಮಂಗಳವಾರದಿಂದ ಶುಕ್ರವಾರದವರೆಗಿನ ಹೆಸರುಗಳು ಉತ್ತರ ಯೂರೋಪಿನ ಹಳೆಯ ದೇವತೆಗಳ ಹಿಂದೆ ಮರೆಯಾಗಿವೆ. ಸ್ಪ್ಯಾನಿಷಿನಲ್ಲಾದರೋ ಗ್ರಹಗಳು ಕನ್ನಡದಲ್ಲಿರುವಂತೆಯೇ ಸಾಲಾಗಿ ನಿಂತಿವೆ.

ಶಿಶುವಿಹಾರದ ಮೊದಲ ವಾರಗಳಲ್ಲಿ ತರಗತಿ ಒಂದು ಮೂಕನಾಟಕದಂತಿರುತ್ತದೆ. ಅಧ್ಯಾಪಕಿ ಇಂಗ್ಲಿಷ್ ಬಲ್ಲಳಾದರೂ ಆ ಭಾಷೆಯಲ್ಲಿ ಬಾಯಿ ತೆರೆಯಳು. 'ಕುಳಿತುಕೊಳ್ಳಿ' ಎಂದು ಹೇಳಬೇಕಾದಲ್ಲಿ ತಾನೇ ಕುಳಿತು ತೋರಿಸುತ್ತಾಳೆ. ಕತ್ತರಿ ಎನ್ನುವಾಗ ಬೆರಳುಗಳನ್ನು ಕತ್ತರಿಯಾಡಿಸುತ್ತಾಳೆ. ಮಕ್ಕಳು ಇಂಗ್ಲಿಷಿನಲ್ಲಿಯೇ ಉತ್ತರ ಕೊಟ್ಟರೆ ಗದರಿಸುವುದಿಲ್ಲ. ಅದೇ ಮಾತನ್ನು ಸ್ಪ್ಯಾನಿಷಿನಲ್ಲಿ ಮತ್ತೊಮ್ಮೆ ನುಡಿದು ಮುಂದೆ ಸಾಗುತ್ತಾಳೆ. ಎಷ್ಟೋ ಮಕ್ಕಳು ತಿಂಗಳುಗಟ್ಟಲೆ ಕೇಳುತ್ತಾರೆಯೇ ಹೊರತು ಆಡುವುದಿಲ್ಲ. ಕೊನೆಗೆ ಬಾಯಿ ತೆರೆಸುವುದು ಬಹುಮಟ್ಟಿಗೆ ಅಗತ್ಯವೇ. 'ಪ್ವೇದೊ ಇರ್ ಅಲ್ ಬಾನ್ಯೊ?' (ಬಚ್ಚಲಿಗೆ ಹೋಗಲೇ?) ಎಂಬುದು ಇಂಥ ತರಗತಿಗಳಲ್ಲಿ ಮಕ್ಕಳು ಬಲುಬೇಗ ಕಲಿಯುವ ಪೂರ್ಣ ವಾಕ್ಯಗಳಲ್ಲೊಂದು.

ಮಂಗಳವಾರ ಲೆಕ್ಕ ಮತ್ತು ಓದು. ಓದುವುದರಲ್ಲಿ ಈ ಮಕ್ಕಳಿಗೆ ಒಂದು ಭಾಗ್ಯವುಂಟು. ಸ್ಪ್ಯಾನಿಷಿನಲ್ಲಿ ಸ್ವರಗಳು ಐದೇ. ಬರೆದಂತೆ ಓದಿದರೆ ಬಹುತೇಕ ಸರಿಹೋಗುತ್ತದೆ. ಒಂದೇ ಅಕ್ಷರಕ್ಕೆ ನಾಲ್ಕಾರು ಧ್ವನಿಗಳಿರುವ ಇಂಗ್ಲಿಷಿನ ಗೊಂದಲ ಇಲ್ಲಿಲ್ಲ. ಆದರೆ ಒಂದೆಡೆ ಸುಲಭವಾದರೆ ಇನ್ನೊಂದೆಡೆ ತೊಡಕು. ಮೇಜು ಸ್ತ್ರೀಲಿಂಗವೇಕೆ, ಪುಸ್ತಕ ಪುಲ್ಲಿಂಗವೇಕೆ ಎಂಬ ಪ್ರಶ್ನೆಗೆ ಅಧ್ಯಾಪಕಿಯ ಬಳಿಯೂ ಉತ್ತರವಿಲ್ಲ. 'ನನಗೆ ಸೇಬು ಇಷ್ಟ' ಎನ್ನುವಾಗ ಸ್ಪ್ಯಾನಿಷ್ ಭಾಷೆಯೂ ಕನ್ನಡದಂತೆಯೇ 'ನನಗೆ' ಎಂದು ಆರಂಭಿಸುತ್ತದೆ: 'ಮೆ ಗುಸ್ತಾ ಲಾ ಮನ್ಸಾನಾ'. 'ನಾನು ಇಷ್ಟಪಡುತ್ತೇನೆ' ಎಂದೇ ಯೋಚಿಸುವ ಇಂಗ್ಲಿಷ್ ಮಗು 'ಯೊ ಗುಸ್ತೊ' ಎಂದು ಎಡವುತ್ತದೆ. ಸೇಬಿನ ತೋಟಗಳಿಗೆ ಹೆಸರಾದ ಆ ಸೀಮೆಯಲ್ಲಿ ಈ ವಾಕ್ಯಕ್ಕೆ ಸಂದರ್ಭಗಳಂತೂ ಕಡಿಮೆಯಿಲ್ಲ.

ಪ್ರಾರ್ಥನೆಯ ಭಾಷೆ

ಕ್ರೈಸ್ತ ಶಾಲೆಯಾದುದರಿಂದ ದಿನದ ಆರಂಭ ಪ್ರಾರ್ಥನೆಯಿಂದ. ವಾರದಲ್ಲಿ ಒಂದು ದಿನ ಎಲ್ಲ ತರಗತಿಗಳೂ ಒಂದೆಡೆ ಸೇರಿ ಆರಾಧನೆ ನಡೆಸುವುದೂ ಉಂಟು. ಇಂಗ್ಲಿಷ್ ಮಗುವಿಗೆ 'ನೀನು', 'ನೀವು' ಎಂಬ ಭೇದ ಗೊತ್ತಿಲ್ಲ. ಅದರ ಭಾಷೆಯಲ್ಲಿ ಎಲ್ಲರಿಗೂ ಒಂದೇ ಸಂಬೋಧನೆ. ಸ್ಪ್ಯಾನಿಷಿನಲ್ಲಿ ಗೆಳೆಯನಿಗೆ 'ತು', ಹಿರಿಯರಿಗೆ 'ಉಸ್ತೆದ್'. ಹಾಗಾದರೆ ದೇವರಿಗೆ ಯಾವುದು? ಮಗು ಊಹಿಸುವುದು ದೊಡ್ಡವರಿಗೆ ಸಲ್ಲುವ ಮಾತನ್ನು. ಆದರೆ ಪ್ರಾರ್ಥನೆಯಲ್ಲಿ ಇರುವುದು 'ತು'. ದೇವರನ್ನು ಏಕವಚನದಲ್ಲಿ ಕರೆಯುವ ಸಲುಗೆಯನ್ನು ಕನ್ನಡದ ಭಕ್ತರಿಗೆ ವಿವರಿಸಬೇಕಾಗಿಲ್ಲ. ಮಿಷಿಗನ್ನಿನ ಮಗುವಿಗೆ ಅದು ಹೊಸ ತಿಳಿವು.

ಈ ಪ್ರಾರ್ಥನೆಯ ಹಿಂದೆ ಸ್ವಾರಸ್ಯವಾದ ಚರಿತ್ರೆಯಿದೆ. ಡಚ್ಚರು 1568ರಿಂದ 1648ರವರೆಗೆ, ಎಂಬತ್ತು ವರ್ಷ, ಕಾದಾಡಿದ್ದು ಸ್ಪೇನಿನ ದೊರೆಗಳೊಡನೆ. ಅದೇ ಕಾಲದಲ್ಲಿ ಸೆವಿಲ್ ನಗರದ ಬಳಿಯ ಮಠವೊಂದರಿಂದ ಮತವಿಚಾರಣೆಗೆ ಹೆದರಿ ಓಡಿಬಂದ ಕಾಸಿಯೊದೊರೊ ದೆ ರೇನಾ ಎಂಬಾತ ಬೈಬಲ್ಲನ್ನು ಸ್ಪ್ಯಾನಿಷಿಗೆ ತಂದು, 1569ರಲ್ಲಿ ಸ್ವಿಟ್ಜರ್ಲೆಂಡಿನ ಬಾಸೆಲ್ ಪಟ್ಟಣದಲ್ಲಿ ಅಚ್ಚುಹಾಕಿಸಿದ. ಮುಂದೆ ಮಂಗಳೂರಿಗೆ ಮಿಷನರಿಗಳನ್ನು ಕಳುಹಿಸಿದ ಬಾಸೆಲ್ ಇದೇ. ಆ ಬೈಬಲ್ಲನ್ನು ತಿದ್ದಿದ ಸಿಪ್ರಿಯಾನೊ ದೆ ವಲೇರಾ 1602ರಲ್ಲಿ ಅದನ್ನು ಪ್ರಕಟಿಸಿದ್ದು ಆಮ್‌ಸ್ಟರ್‌ಡಾಮಿನಲ್ಲಿ. ಸ್ಪೇನಿನ ಸೈನ್ಯದೊಡನೆ ಹೋರಾಡುತ್ತಲೇ ಇದ್ದ ಡಚ್ ನೆಲದಲ್ಲಿ ಸ್ಪ್ಯಾನಿಷ್ ಭಾಷೆಯ ಧರ್ಮಗ್ರಂಥ ಆಶ್ರಯ ಪಡೆಯಿತು. ಡಚ್ ವಂಶದ ಮಕ್ಕಳು ಇಂದು ಆ ಭಾಷೆಯಲ್ಲಿ ಪ್ರಾರ್ಥಿಸುವುದು, ಹಾಗೆ ನೋಡಿದರೆ, ತೀರ ಅಪರಿಚಿತ ಸಂಗತಿಯೇನಲ್ಲ.

ಕೂಡುವ ಲೆಕ್ಕ, ಕಳೆಯುವ ಲೆಕ್ಕ

ಶುಕ್ರವಾರ ಉಕ್ತಲೇಖನ, ಕಂಠಪಾಠ ಮಾಡಿದ ವಚನವನ್ನು ಒಪ್ಪಿಸುವುದು, ವಾರದ ಹಾಳೆಗಳನ್ನೆಲ್ಲ ಚೀಲಕ್ಕೆ ತುಂಬಿ ಮನೆಗೆ ಒಯ್ಯುವುದು. ಮನೆಯಲ್ಲಿ ಮಗು ಸ್ಪ್ಯಾನಿಷ್ ಕಥೆಯನ್ನು ಗಟ್ಟಿಯಾಗಿ ಓದುತ್ತದೆ. ತಾಯಿ ಅರ್ಥವಾಗದೆ ತಲೆದೂಗುತ್ತಾಳೆ. ಕನ್ನಡ ನಾಡಿನಲ್ಲಿ ಮಕ್ಕಳನ್ನು ಇಂಗ್ಲಿಷ್ ಶಾಲೆಗೆ ಕಳುಹಿಸುವ ಎಷ್ಟೋ ತಾಯಂದಿರು ಈ ಸನ್ನಿವೇಶವನ್ನು ಬಲ್ಲರು. ಮಗು ತನ್ನ ಭಾಷೆಯ ಓದಿನಲ್ಲಿ ಹಿಂದೆ ಬಿದ್ದರೇನು ಗತಿ ಎಂಬ ಅಳುಕು ಮಿಷಿಗನ್ನಿನ ತಂದೆತಾಯಿಗಳಿಗೂ ಇದೆ. ಮೊದಲ ವರ್ಷಗಳಲ್ಲಿ ಇಂಗ್ಲಿಷ್ ಓದು ಹಿಂದುಳಿಯುವುದೂ ನಿಜವೇ. ಆದರೆ ಶಾಲೆಯಲ್ಲಿ ಇಂಗ್ಲಿಷ್ ಪಾಠ ಆರಂಭವಾದ ಒಂದೆರಡು ವರ್ಷಗಳಲ್ಲಿ ಆ ಕೊರತೆ ತುಂಬಿಕೊಳ್ಳುತ್ತದೆಂಬುದನ್ನು ಸೇಂಟ್ ಲ್ಯಾಂಬರ್ಟಿನ ಕಾಲದಿಂದ ನಡೆದ ಪರೀಕ್ಷೆಗಳು ತೋರಿಸಿಕೊಟ್ಟಿವೆ.

ಸೇಂಟ್ ಲ್ಯಾಂಬರ್ಟ್ ಮಕ್ಕಳನ್ನು ವರ್ಷಗಟ್ಟಲೆ ಪರೀಕ್ಷಿಸಿದ ಮನಶ್ಶಾಸ್ತ್ರಜ್ಞ ವಾಲೆಸ್ ಲ್ಯಾಂಬರ್ಟ್ ಇದಕ್ಕೆ ಕಾರಣವನ್ನು ಲೆಕ್ಕದ ಮಾತಿನಲ್ಲಿ ಹೇಳಿದರು. ಎರಡನೆಯ ಭಾಷೆ ಕೆಲವರಿಗೆ ಕೂಡುವ ಲೆಕ್ಕ, ಕೆಲವರಿಗೆ ಕಳೆಯುವ ಲೆಕ್ಕ. ಅಂಗಡಿ, ಬೀದಿ, ದೂರದರ್ಶನ ಎಲ್ಲವೂ ಇಂಗ್ಲಿಷ್ ಆಡುವ ಊರಿನಲ್ಲಿ, ಇಂಗ್ಲಿಷ್ ಮಗು ಸ್ಪ್ಯಾನಿಷ್ ಕಲಿತರೆ ಒಂದಕ್ಕೆ ಇನ್ನೊಂದು ಸೇರುತ್ತದೆ. ವಲಸೆ ಬಂದವರ ಮಗು ತನ್ನ ಮಾತನ್ನು ಹೊರಗೆ ಬಿಟ್ಟು ಶಾಲೆಯೊಳಗೆ ಕಾಲಿಟ್ಟರೆ, ಹೊಸದು ಬಂದಷ್ಟೇ ವೇಗದಲ್ಲಿ ಹಳೆಯದು ಸವೆಯುತ್ತದೆ.

ಕಳೆಯುವ ಲೆಕ್ಕ ಈ ಊರಿಗೆ ಹೊಸದಲ್ಲ. ಇಲ್ಲಿಯ ಚರ್ಚುಗಳಲ್ಲಿ ಒಂದು ಕಾಲಕ್ಕೆ ಉಪದೇಶ ನಡೆಯುತ್ತಿದ್ದುದು ಡಚ್ ಭಾಷೆಯಲ್ಲಿ. ಮೊದಲನೆಯ ಮಹಾಯುದ್ಧ ಬಂದಿತು. ಪರಭಾಷೆಯೆಂದರೆ ಅನುಮಾನ ಹುಟ್ಟಿತು. ಡಚ್ಚರು ನೆಲೆಸಿದ್ದ ಅಯೋವಾ ರಾಜ್ಯದಲ್ಲಿ 1918ರಲ್ಲಿ ಗವರ್ನರ್ ವಿಲಿಯಂ ಹಾರ್ಡಿಂಗ್, ಶಾಲೆಯಲ್ಲಾಗಲಿ ರೈಲಿನಲ್ಲಾಗಲಿ ಟೆಲಿಫೋನಿನಲ್ಲಾಗಲಿ ಇಂಗ್ಲಿಷ್ ಹೊರತು ಅನ್ಯ ಭಾಷೆ ಆಡಕೂಡದೆಂದು ಆಜ್ಞೆ ಹೊರಡಿಸಿದ. ಯುದ್ಧ ಮುಗಿದ ಮೇಲೂ ಜನರ ಒಲವು ತಿರುಗಲಿಲ್ಲ. ಒಂದೆರಡು ತಲೆಮಾರುಗಳಲ್ಲಿ ಅಜ್ಜಿಯ ಮಾತು ಮೊಮ್ಮಗನಿಗೆ ತಿಳಿಯದಾಯಿತು. ಉಳಿದುದು ಹೂವು, ಗಾಳಿಗಿರಣಿ ಮತ್ತು ಮರದ ಪಾದರಕ್ಷೆ.

ಸ್ಪ್ಯಾನಿಷ್ ಇಲ್ಲಿಗೆ ಬಂದುದು ದುಡಿಯುವವರ ಬೆನ್ನ ಮೇಲೆ. 1897ರಿಂದ ಹಾಲೆಂಡಿನಲ್ಲಿ ಹೈನ್ಜ್ ಕಂಪನಿಯ ಉಪ್ಪಿನಕಾಯಿ ಕಾರ್ಖಾನೆಯಿದೆ. ಸುತ್ತಲಿನ ಹೊಲಗಳಲ್ಲಿ ಸೌತೆ, ಸಕ್ಕರೆಗೆಡ್ಡೆ, ಬ್ಲೂಬೆರಿ ಕೊಯ್ಯಲು ಇಪ್ಪತ್ತನೆಯ ಶತಮಾನದ ನಡುವಿನಿಂದ ಟೆಕ್ಸಾಸ್ ಮತ್ತು ಮೆಕ್ಸಿಕೊಗಳಿಂದ ಕೂಲಿಯವರು ಬರತೊಡಗಿದರು. ಸುಗ್ಗಿ ಮುಗಿದ ಮೇಲೆ ಹಲವರು ಹಿಂತಿರುಗದೆ ಕಾರ್ಖಾನೆಗಳಲ್ಲಿ ಕೆಲಸ ಹಿಡಿದು ನೆಲೆಸಿದರು. ಇಂದು ಹಾಲೆಂಡಿನ ಜನಸಂಖ್ಯೆಯಲ್ಲಿ ಸುಮಾರು ನಾಲ್ಕನೆಯ ಒಂದು ಪಾಲು ಸ್ಪ್ಯಾನಿಷ್ ಮೂಲದವರು.

ಕೂಲಿಯವರ ಭಾಷೆಯನ್ನು ಊರಿನ ಸ್ಥಿತಿವಂತರು ತಮ್ಮ ಮಕ್ಕಳಿಗೆ ಹಣ ಕೊಟ್ಟು ಕಲಿಸುವುದು ಲೋಕದಲ್ಲಿ ಅಪರೂಪ. ಮೆಚ್ಚತಕ್ಕ ಮಾತು. ಆದರೆ ಈ ಮೆಚ್ಚುಗೆಯ ಬದಿಯಲ್ಲಿಯೇ ಒಂದು ಪ್ರಶ್ನೆಯೂ ಇದೆ. ಕ್ರೈಸ್ತ ಶಾಲೆಗಳು ನಡೆಯುವುದು ತಂದೆತಾಯಿಗಳು ಕಟ್ಟುವ ಶುಲ್ಕದಿಂದ; ಖಾಸಗಿ ಶಾಲೆಗಳಿಗೆ ಸರಕಾರದ ಹಣ ಸಲ್ಲದೆಂದು ಮಿಷಿಗನ್ನಿನ ಮತದಾರರು 1970ರಲ್ಲಿ ಸಂವಿಧಾನಕ್ಕೇ ತಿದ್ದುಪಡಿ ತಂದರು. ಹೊಲದಲ್ಲಿ ದುಡಿಯುವವನ ಮಗುವಿಗೆ ತನ್ನ ತಾಯಿಯ ಭಾಷೆಯಲ್ಲಿಯೇ ಪಾಠ ನಡೆಯುವ ಈ ತರಗತಿ ಸುಲಭಕ್ಕೆ ಎಟಕುವುದಿಲ್ಲ. ಎಟಕಿದಲ್ಲಿ ಲಾಭ ಇಬ್ಬರಿಗೂ ಉಂಟು. ಬೇರೆಡೆ ಮಾತು ಬಾರದವನೆಂದು ಮೂಲೆಯಲ್ಲಿ ಕೂರಬೇಕಾಗಿದ್ದ ಹುಡುಗನನ್ನು ಇಲ್ಲಿ ಪಕ್ಕದವನು ಪದದ ಅರ್ಥ ಕೇಳುತ್ತಾನೆ. ಕೇಳಿದವನಿಗೂ ಗೋಡೆಯ ಮೇಲಿನ ಪಟದಿಂದ ಕಲಿತ ಮಾತು ಗೆಳೆಯನೊಬ್ಬನ ಮಾತಾಗುತ್ತದೆ. ಇಂಗ್ಲಿಷ್ ಮಕ್ಕಳೇ ತುಂಬಿದ ತರಗತಿಯಲ್ಲಿ, ಅಧ್ಯಾಪಕಿ ಬೆನ್ನು ತಿರುಗಿಸಿದೊಡನೆ ಆಟದ ಮಾತೆಲ್ಲ ಇಂಗ್ಲಿಷಿಗೆ ಮರಳುವುದನ್ನು ಇಮರ್ಷನ್ ಶಾಲೆಗಳ ಅಧ್ಯಾಪಕರೆಲ್ಲ ಬಲ್ಲರು.

ಶನಿವಾರ, ಭಾನುವಾರ

ಕೊನೆಯ ಎರಡು ದಿನಗಳ ಹೆಸರಿನಲ್ಲಿ ಮಾತ್ರ ಗ್ರಹಗಳಿಲ್ಲ. 'ಸಾಬದೊ' ಯೆಹೂದ್ಯರ ವಿಶ್ರಾಂತಿಯ ದಿನದಿಂದ ಬಂದುದು. 'ದೊಮಿಂಗೊ' ಎಂದರೆ ಪ್ರಭುವಿನ ದಿನ. ಆ ಎರಡು ದಿನ ಶಾಲೆಯ ಬಾಗಿಲು ಮುಚ್ಚಿರುತ್ತದೆ. ಆದರೆ ಕಲಿತ ಭಾಷೆಗೆ ಪರೀಕ್ಷೆ ನಡೆಯುವುದು ಆಗಲೇ. ಬೇಸಗೆಯ ಶನಿವಾರಗಳಲ್ಲಿ ಹಾಲೆಂಡಿನ ಎಂಟನೆಯ ಬೀದಿಯ ಸಂತೆಯಲ್ಲಿ ಬ್ಲೂಬೆರಿಯ ಬುಟ್ಟಿಗಳು ಸಾಲುಗೊಳ್ಳುತ್ತವೆ. ಅದನ್ನು ಕೊಯ್ದ ಕೈಗಳ ಮಾತು ಸ್ಪ್ಯಾನಿಷ್. ಭಾನುವಾರ ಆ ಊರಿನಲ್ಲಿ ಇಂಗ್ಲಿಷ್ ಆರಾಧನೆಯೂ ಉಂಟು, ಸ್ಪ್ಯಾನಿಷ್ ಆರಾಧನೆಯೂ ಉಂಟು. ಒಂದೇ ದೇವರಿಗೆ ಎರಡು ಮಂದಿರ. ಐದು ದಿನ ಸ್ಪ್ಯಾನಿಷಿನಲ್ಲಿ ಕೂಡಿ ಕಳೆದು ಗುಣಿಸಿದ ಮಗು, ಆರನೆಯ ದಿನ ಬುಟ್ಟಿಯ ಆಚೆ ನಿಂತವರಿಗೆ 'ಬ್ವೇನೊಸ್ ದಿಯಾಸ್' ಎಂದು ಹೇಳಿ ಉತ್ತರಕ್ಕಾಗಿ ಕಾದರೆ, ಆ ಶಾಲೆಯ ಶುಲ್ಕ ಸಾರ್ಥಕವಾಯಿತೆಂದೇ ಹೇಳಬೇಕು.