ಗಡ್ಡೆಯಲ್ಲದ ಗಡ್ಡೆ

ನಮ್ಮ ನೆಂಟಸ್ತಿಕೆಯೆಲ್ಲ ಐದೇ ಊರುಗಳಲ್ಲಿ. ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹಡಗಲಿ, ಹರಪನಹಳ್ಳಿ. ಕೂಡ್ಲಿಗಿಯಲ್ಲಿ ಬೆಳಿಗ್ಗೆ ಆಡಿದ ಮಾತು ಸಂಜೆಗೆ ಹಡಗಲಿ ಮುಟ್ಟಿರುತ್ತದೆ. ಅದಕ್ಕೇ ಇದನ್ನು ಇಷ್ಟು ವರ್ಷ ಯಾರಿಗೂ ಹೇಳಿರಲಿಲ್ಲ.

ಕಾಲೇಜಿನಲ್ಲಿದ್ದಾಗ ನಾನು ಹೊರಗಾಗುತ್ತಿದ್ದುದು ಮೂರು ನಾಲ್ಕು ತಿಂಗಳಿಗೊಮ್ಮೆ. ಅವ್ವನಿಗೆ ಒಳಗೊಳಗೇ ಸಮಾಧಾನ! ಕೊಟ್ಟೂರಿನ ತೇರು ನನಗೆ ಒಂದು ವರ್ಷವೂ ತಪ್ಪಲಿಲ್ಲ ನೋಡಿ. "ಪುಣ್ಯವಂತೆ ಬಿಡು" ಅನ್ನುತ್ತಿದ್ದಳು. ಗದ್ದದ ಮೇಲೆ ಕೂದಲು ಬಂದಾಗ ಅರಿಶಿನ ಹಚ್ಚಿದಳು. ಕುತ್ತಿಗೆ ಕಪ್ಪಾದಾಗ ಕಡ್ಲೆಹಿಟ್ಟು ಹಾಕಿ ತಿಕ್ಕಿದಳು. ಅದು ಕೊಳೆಯಲ್ಲ, ಮೈಯಲ್ಲಿ ಇನ್ಸುಲಿನ್ ಹೆಚ್ಚಾಗಿರುವ ಗುರುತು ಅಂತ ಇಬ್ಬರಿಗೂ ಗೊತ್ತಿರಲಿಲ್ಲ.

ಕೊನೆಗೆ ಪರೀಕ್ಷೆಗಳಾದವು. ಪಿಸಿಓಎಸ್ ಅಂದರು. ಚಿಗವ್ವ ಕೇಳಿದ್ದು, "ಗಡ್ಡೆ ಐತಂತಾ? ಆಪರೇಶನ್ ಮಾಡ್ತಾರಂತಾ?" ಅವ್ವ ಹೇಳಿದ್ದು, "ಗಂಡು ಗೊತ್ತಾಗೋತನಕ ಬಾಯಿ ಬಿಡಬ್ಯಾಡ್ರಿ." ಗಂಡು ಗೊತ್ತಾಯ್ತು, ಮದುವೆಯೂ ಆಯ್ತು. ಅತ್ತೆಮನೆಯಲ್ಲಿ ಯಾರಾದರೂ ನೋಡಿಯಾರೆಂದು ಮಾತ್ರೆ ಬಿಟ್ಟೆ, ಡಾಕ್ಟರ ಹತ್ತಿರ ಹೋಗುವುದನ್ನೂ ಬಿಟ್ಟೆ. ಮಗಳು ಹೊಟ್ಟೆಯಲ್ಲಿದ್ದಾಗ ಶುಗರ್ ಬಂತು. ಪಿಸಿಓಎಸ್ ಇದ್ದವರಿಗೆ ಬಸಿರಿನಲ್ಲಿ ಅದರ ಸಾಧ್ಯತೆ ಹೆಚ್ಚಂತೆ. ನಾನು ಮೊದಲೇ ಹೇಳಿದ್ದರೆ ಡಾಕ್ಟರು ಮೊದಲೇ ನೋಡುತ್ತಿದ್ದರು.

ಮೊನ್ನೆ ಹರಪನಹಳ್ಳಿಯಿಂದ ಅಣ್ಣನ ಮಗಳ ಫೋನು. ದೊಡ್ಡವಳಾಗಿ ಇನ್ನೂ ಮೂರು ವರ್ಷ. "ಅತ್ತೀ, ಸ್ಕ್ಯಾನಿಂಗ್‌ನಾಗ ನಂಗೂ ಗಡ್ಡೆ ಕಂಡಾವಂತ..."

ಗಡ್ಡೆ ಅಲ್ಲಮ್ಮ ಅವು, ಅಂದೆ. ಅರ್ಧಕ್ಕೇ ಬೆಳವಣಿಗೆ ನಿಂತ ಅಂಡದ ಪುಟ್ಟ ಚೀಲಗಳು. ಇನ್ಸುಲಿನ್ ಹೆಚ್ಚಾದರೆ ಅಂಡಾಶಯ ಗಂಡಸಿನ ಹಾರ್ಮೋನನ್ನು ಹೆಚ್ಚು ಮಾಡುತ್ತದೆ, ಅಂಡ ಬಲಿತು ಹೊರಬರುವುದಿಲ್ಲ, ಮುಟ್ಟು ತಪ್ಪುತ್ತದೆ. ಆದರೆ ನಿನ್ನ ವಯಸ್ಸಿನಲ್ಲಿ ಬರೀ ಸ್ಕ್ಯಾನಿಂಗ್ ನೋಡಿ ಪಿಸಿಓಎಸ್ ಅನ್ನುವ ಹಾಗಿಲ್ಲ. ಮುಟ್ಟು ಶುರುವಾಗಿ 8 ವರ್ಷದೊಳಗೆ ಆರೋಗ್ಯವಂತ ಹುಡುಗಿಯರಲ್ಲೂ ಹಾಗೆ ಕಾಣಬಹುದು ಅಂತ 2023ರ ಅಂತಾರಾಷ್ಟ್ರೀಯ ಮಾರ್ಗಸೂಚಿಯೇ ಹೇಳುತ್ತದೆ. ಮುಟ್ಟಿನ ಏರುಪೇರು, ಹಾರ್ಮೋನಿನ ಲಕ್ಷಣ ಎರಡೂ ಇರಬೇಕು. ಥೈರಾಯ್ಡ್ ಕೂಡ ನೋಡಬೇಕು.

ಇದ್ದರೂ ಹೆದರಬೇಡ. ರೊಟ್ಟಿ, ಕಾಳುಪಲ್ಯ ಬಿಡಬೇಕಿಲ್ಲ. ಸಕ್ಕರೆ ಚಹಾ, ಮಿರ್ಚಿ ಮಂಡಕ್ಕಿ ಕಡಿಮೆ ಮಾಡು, ದಿನಾ ನಡೆ. ದಪ್ಪ ಇದ್ದವರು ನೂರಕ್ಕೆ ಐದರಷ್ಟು ತೂಕ ಇಳಿಸಿದರೂ ಮುಟ್ಟು ಸರಿಹೋಗಬಹುದು. ತೆಳ್ಳಗಿದ್ದವರಿಗೂ ಇದು ಬರುತ್ತದೆ, ಹಾಗಾಗಿ ಬೈಯುವವರ ಮಾತು ಕೇಳಬೇಡ. ಮೂರು ತಿಂಗಳು ಮುಟ್ಟಾಗದಿದ್ದರೆ ಮಾತ್ರ ಡಾಕ್ಟರ ಹತ್ತಿರ ಹೋಗಲೇಬೇಕು. ವರ್ಷಗಟ್ಟಲೆ ಹಾಗೇ ಬಿಟ್ಟರೆ ಗರ್ಭಕೋಶದ ಒಳಪದರ ದಪ್ಪವಾಗಿ ಮುಂದೆ ಕ್ಯಾನ್ಸರಿನ ಅಪಾಯ ಹೆಚ್ಚುತ್ತದೆ. ಮಕ್ಕಳಾಗುವುದಿಲ್ಲ ಅನ್ನುವುದು ಸುಳ್ಳು. ಹೆಚ್ಚಿನವರಿಗೆ ಆಗುತ್ತವೆ, ಕೆಲವರಿಗೆ ಅಂಡ ಬಿಡುಗಡೆಯಾಗಲು ಮಾತ್ರೆ ಬೇಕಾಗುತ್ತದೆ ಅಷ್ಟೇ. ಮದುವೆಯಾಯ್ತು, ಮಕ್ಕಳಾದವು ಅಂತ ಶುಗರ್, ಬಿಪಿ ನೋಡಿಸುವುದನ್ನು ಮರೆಯುವ ಹಾಗಿಲ್ಲ.

ಸುಮ್ಮನೆ ಕೇಳಿದಳು. ಆಮೇಲೆ ಮೆಲ್ಲಗೆ, "ಅಜ್ಜಿ ಯಾರಿಗೂ ಹೇಳಬ್ಯಾಡ ಅಂದಾಳ."

ಅದೇ ಅವ್ವ, ಅದೇ ಮಾತು.

"ಕೇಳಿದವರಿಗೆ ನನ್ನ ಹೆಸರು ಹೇಳು" ಅಂದೆ. "ನಮ್ಮ ಅತ್ತಿಗೆ ಐತಿ, ಆರಾಮ ಅದಾಳ ಅನ್ನು."

ಸಂಜೆಯೊಳಗೆ ಹಡಗಲಿ ಮುಟ್ಟಲಿ ಬಿಡಿ.