ಕಪಿಲೆಯ ದಡದಲ್ಲಿ ಮೂರು ಬಗೆಯ ಟಿಕೆಟ್ಟು

ನಂಜನಗೂಡನ್ನು ಕಾಣದ ಗೃಹಸ್ಥರು ಮೈಸೂರು ಸೀಮೆಯಲ್ಲಿ ವಿರಳ. ಹರಕೆಯೆಂದೋ, ಮುಡಿ ಕೊಡುವುದೆಂದೋ, ಮಗುವಿಗೆ ಹೆಸರಿಡುವುದೆಂದೋ ಒಂದಲ್ಲ ಒಂದು ನೆವದಿಂದ ಎಲ್ಲರೂ ಕಪಿಲೆಯಲ್ಲಿ ಮಿಂದು ಶ್ರೀಕಂಠೇಶ್ವರನ ಸನ್ನಿಧಿಯಲ್ಲಿ ನಿಂತು ಬಂದವರೇ. ಆದಕಾರಣ ಆ ಕ್ಷೇತ್ರದ ಮಹಿಮೆಯನ್ನು ವರ್ಣಿಸುವುದು ಈ ಲೇಖನದ ಉದ್ದೇಶವಲ್ಲ. ನಮ್ಮ ದೊಡ್ಡಪ್ಪ ದೊಡ್ಡಮ್ಮಂದಿರೊಡನೆ ನಂಜನಗೂಡಿನಿಂದ ತಿರುಮಕೂಡಲು ನರಸೀಪುರಕ್ಕೆ ಬಸ್ಸಿನಲ್ಲಿ ಹೋಗಿಬಂದ ಒಂದು ಸೋಮವಾರದ ಸಂಗತಿಯನ್ನು ಮಾತ್ರ ಇಲ್ಲಿ ಬರೆಯುತ್ತೇವೆ.

ದೊಡ್ಡಪ್ಪನವರಿಗೆ 76 ವರ್ಷ. ಬಹುಕಾಲ ಮೇಷ್ಟರಾಗಿದ್ದವರು. ಮೂರು ವರ್ಷಗಳ ಹಿಂದೆ ಪಾರ್ಶ್ವವಾಯು ಬಡಿದು ಎಡಗೈ ಎಡಗಾಲುಗಳ ಸ್ವಾಧೀನ ಬಹುಮಟ್ಟಿಗೆ ತಪ್ಪಿತು. ಈಗ ಕೋಲೂರಿಕೊಂಡು ಬೀದಿಯ ಕೊನೆಯವರೆಗೆ ನಡೆಯುತ್ತಾರೆ. ಅಲ್ಲಿಂದಾಚೆಗೆ ಅವರು ಕಾಲಿಟ್ಟಿರಲಿಲ್ಲ. ದೊಡ್ಡಮ್ಮನಾದರೋ ಇದಕ್ಕೆ ತದ್ವಿರುದ್ಧ. 2023ರ ಜೂನ್ 11ರಂದು ಸರ್ಕಾರದವರು ಶಕ್ತಿ ಯೋಜನೆಯೆಂಬ ಹೆಸರಿನಿಂದ ಹೆಂಗಸರಿಗೆ ಸಾಧಾರಣ ಬಸ್ಸುಗಳಲ್ಲಿ ಟಿಕೆಟ್ಟಿನ ಹಣವನ್ನು ತೆಗೆದುಹಾಕಿದ ಮೇಲೆ, ಎಪ್ಪತ್ತು ದಾಟಿದ ಈ ಸಾಧ್ವಿಯು ತಿಂಗಳಿಗೊಮ್ಮೆ ನರಸೀಪುರದಲ್ಲಿರುವ ತನ್ನ ತಂಗಿಯ ಮನೆಗೆ ಒಬ್ಬಳೇ ಹೋಗಿಬರತೊಡಗಿದಳು. ಮೊದಲು ಹೋಗುತ್ತಿರಲಿಲ್ಲವೇ ಎಂದು ನಾವು ಕೇಳಿದೆವು. "ಹೋಗುತ್ತಿದ್ದೆ, ವರ್ಷಕ್ಕೊಮ್ಮೆ. ಬಸ್ಸಿನ ದುಡ್ಡೇನು ದೊಡ್ಡದಲ್ಲ ಮಗು. ಆದರೆ ಅದನ್ನು ಕೇಳಬೇಕಲ್ಲ! ಕೇಳಿದರೆ ಯಾಕೆ ಎಂದು ಹೇಳಬೇಕು. ತಂಗಿಯನ್ನು ನೋಡಬೇಕು ಅನ್ನಿಸಿತು ಅನ್ನುವುದು ಒಂದು ಕಾರಣವೇ?" ಎಂದಳು. ದೊಡ್ಡಪ್ಪನವರು ಪಕ್ಕದಲ್ಲಿಯೇ ಕುಳಿತು ಕೇಳುತ್ತಿದ್ದರು. ಏನೂ ಹೇಳಲಿಲ್ಲ.

ಅವರನ್ನು ಹೊರಡಿಸುವುದು ನಮಗೆ ಸುಲಭವಾಗಲಿಲ್ಲ. ನಾದಿನಿಯ ಮನೆಯಲ್ಲಿ ಊಟವೆಂದೂ, ಸಂಗಮವನ್ನು ನೋಡಿ ಎಷ್ಟು ವರ್ಷವಾಯಿತೆಂದೂ ಎರಡು ದಿನ ಹೇಳಿದ ಮೇಲೆ ಒಪ್ಪಿದರು.

ಬೆಳಗ್ಗೆ ಮೊದಲು ದೇವಸ್ಥಾನಕ್ಕೆ ಹೋದೆವು. ಸೋಮವಾರವಾದ್ದರಿಂದ ಏಳಂತಸ್ತಿನ ಗೋಪುರದ ಮುಂದೆ ಆಗಲೇ ಜನ ನೆರೆದಿದ್ದರು. ನಂಜುಂಡನಿಗೆ ವೈದ್ಯನೆಂಬ ಖ್ಯಾತಿ ಹಳೆಯದು. ಟೀಪೂ ಸುಲ್ತಾನನ ಪಟ್ಟದ ಆನೆಗೆ ಕಣ್ಣು ಕಾಣದೆ ಹೋಗಿ, ಇಲ್ಲಿ ಹರಕೆ ಹೊತ್ತ ಮೇಲೆ ದೃಷ್ಟಿ ಮರಳಿತೆಂದೂ, ಸುಲ್ತಾನನು ಸ್ವಾಮಿಯನ್ನು ಹಕೀಮ ನಂಜುಂಡನೆಂದು ಕರೆದು ಪಚ್ಚೆಯ ಲಿಂಗವೊಂದನ್ನು ಒಪ್ಪಿಸಿದನೆಂದೂ ಜನಜನಿತವಾದ ಕಥೆ. ಆದ್ದರಿಂದಲೇ ಇರಬೇಕು, ಉಳಿದ ಕ್ಷೇತ್ರಗಳಿಗಿಂತ ಇಲ್ಲಿ ಕುಂಟುವವರೂ, ಕಣ್ಣು ಮಂಜಾದವರೂ, ಮಗನ ಹೆಗಲನ್ನು ಹಿಡಿದು ಬರುವ ಮುದುಕರೂ ಹೆಚ್ಚಾಗಿ ಕಾಣುತ್ತಾರೆ. ಉರುಳುಸೇವೆ ಮಾಡುವ ಗಟ್ಟಿಗರಿಗೆ ಒಂದು ದಾರಿ, ಇವರಿಗೆ ಇನ್ನೊಂದು. ಇವರೆಲ್ಲರೂ ಎಲ್ಲಿಂದಲೋ ಯಾವುದೋ ಬಸ್ಸನ್ನು ಹತ್ತಿ ಇಳಿದು ಬಂದವರಲ್ಲವೇ ಎಂಬ ಯೋಚನೆಯು ನಮಗೆ ಅಂದಿನವರೆಗೆ ಬಂದಿರಲಿಲ್ಲ.

ದೊಡ್ಡಪ್ಪನವರು ಒಳಗೆ ಹೆಚ್ಚು ಹೊತ್ತು ನಿಲ್ಲಲಿಲ್ಲ. "ಹಕೀಮನಿಗೆ ನನ್ನ ಕೇಸು ಗೊತ್ತಿದೆ, ನಡೆಯಿರಿ" ಎಂದರು.

ಬಸ್ಸುನಿಲ್ದಾಣದಲ್ಲಿ ನಮ್ಮ ನಿಜವಾದ ಪ್ರಯಾಣ ಆರಂಭವಾಯಿತೆನ್ನಬೇಕು. ನಮ್ಮ ನಾಡಿನ ಸಾಧಾರಣ ಬಸ್ಸಿನ ಮೊದಲನೆಯ ಮೆಟ್ಟಿಲು ಆರೋಗ್ಯವಂತನಾದ ಹುಡುಗನಿಗೆ ಮೆಟ್ಟಿಲು. ದೊಡ್ಡಪ್ಪನವರಂಥವರಿಗೆ ಅದು ಜಗಲಿಯೇ ಸರಿ. ಬಲಗಾಲನ್ನು ಮೇಲಿಟ್ಟರೆ ಎಡಗಾಲು ಭಾರವನ್ನು ಹೊರಲಾರದು. ಎಡಗಾಲನ್ನು ಮೊದಲು ಎತ್ತೋಣವೆಂದರೆ ಅದು ಏಳುವುದೇ ಇಲ್ಲ. ತಗ್ಗಾದ ನೆಲದ ಬಸ್ಸುಗಳು ದೊಡ್ಡ ನಗರಗಳಲ್ಲಿ ಓಡಾಡುತ್ತವೆಯೇ ಹೊರತು ಹಳ್ಳಿಯ ದಾರಿಯಲ್ಲಿ ಅವನ್ನು ನಾವು ಕಂಡಿಲ್ಲ. ನಾವು ಕೈಕೊಡುವುದರೊಳಗಾಗಿ ಕಂಡಕ್ಟರನು ತಾನಾಗಿ ಇಳಿದುಬಂದು, "ಅಯ್ನೋರೆ, ಕೋಲು ಇತ್ತ ಕೊಡಿ, ಕಂಬಿ ಹಿಡೀರಿ" ಎಂದು ಹಿಂದಿನಿಂದ ಒತ್ತುಕೊಟ್ಟು ಹತ್ತಿಸಿದನು. ಅಂಗವಿಕಲರಿಗೆ ಸಂಚಾರದ ಅನುಕೂಲವನ್ನು ಸರ್ಕಾರಗಳು ಒದಗಿಸತಕ್ಕದ್ದೆಂದು 2016ರ ಕಾಯಿದೆಯಲ್ಲಿ ಬರೆದಿದೆ. ಅದು ಈ ಮೆಟ್ಟಿಲಿಗೆ ಬಂದು ಮುಟ್ಟುವ ತನಕ ಕಂಡಕ್ಟರನ ಭುಜವೇ ಗತಿ.

ಬಸ್ಸು ಹೊರಟಿತು. ಕಪಿಲೆಯು ನಂಜನಗೂಡಿನಲ್ಲಿ ಗುಂಡ್ಲುಹೊಳೆಯನ್ನು ಕೂಡಿಕೊಂಡು, ಸುತ್ತೂರಿನ ಮಠದ ಪಕ್ಕದಲ್ಲಿ ಹರಿದು, ನರಸೀಪುರದಲ್ಲಿ ಕಾವೇರಿಯನ್ನು ಸೇರುತ್ತಾಳೆ. ನಮ್ಮ ಬಸ್ಸೂ ಹೆಚ್ಚುಕಡಮೆ ಅದೇ ದಿಕ್ಕನ್ನು ಹಿಡಿದು ಗದ್ದೆಗಳ, ತೆಂಗಿನ ತೋಟಗಳ, ಅಲ್ಲಲ್ಲಿ ಬಾಳೆಯ ಮಧ್ಯೆ ಸಾಗಿತು. ನಂಜನಗೂಡಿನ ರಸಬಾಳೆ ಈಗ ಕೈಗೆ ಸಿಕ್ಕುವುದೇ ಕಷ್ಟವೆಂದು ದೊಡ್ಡಪ್ಪನವರು ಕಿಟಕಿಯಿಂದಾಚೆ ನೋಡುತ್ತ ಹೇಳಿದರು. ಮೂರು ವರ್ಷದ ಮೇಲೆ ಊರಿನ ಹೊರಗಿನ ಹಸುರನ್ನು ನೋಡಿದ ಆ ಮುಖವನ್ನು ನಾವು ಮರೆಯಲಾರೆವು.

ಕಂಡಕ್ಟರನು ಟಿಕೆಟ್ಟು ಕೊಡುತ್ತ ಬಂದನು. ನಮ್ಮ ಮುಂದಿನ ಆಸನದಲ್ಲಿದ್ದ ಒಬ್ಬ ಹಳ್ಳಿಯ ಮುದುಕಿಗೂ ಅವನಿಗೂ ಚರ್ಚೆ ಹತ್ತಿತು.

"ದುಡ್ಡೇ ಇಲ್ದ ಮ್ಯಾಲೆ ಚೀಟಿ ಯಾಕಪ್ಪ?"

"ಅವ್ವ, ನೀನು ಚೀಟಿ ತಕೊಂಡ್ರೇನೆ ಸರ್ಕಾರದೋರು ನಿನ್ ಲೆಕ್ಕದ ದುಡ್ಡ ನಮ್ಗೆ ಕೊಡೋದು. ಜ್ವಾಪಾನವಾಗಿ ಇಟ್ಕೊ."

ಮಾತು ನಿಜ. ಹೆಂಗಸರಿಗೆ ಕೊಡುವ ಸೊನ್ನೆ ಬೆಲೆಯ ಟಿಕೆಟ್ಟು ಕೇವಲ ಕಾಗದವಲ್ಲ. ಅವರು ಪ್ರಯಾಣ ಮಾಡಿದ ದೂರದ ಲೆಕ್ಕವನ್ನು ಹಿಡಿದು ಸರ್ಕಾರವು ಸಾರಿಗೆ ನಿಗಮಗಳಿಗೆ ಹಣವನ್ನು ತುಂಬಿಕೊಡತಕ್ಕ ಏರ್ಪಾಡು. ದೊಡ್ಡಮ್ಮ ಎಲೆಅಡಿಕೆಯ ಸಂಚಿಯಿಂದ ಆಧಾರ್ ಕಾರ್ಡನ್ನು ತೆಗೆದು ತೋರಿಸಿದಳು. ಸೊನ್ನೆಯ ಚೀಟಿ ಬಂದಿತು. ದೊಡ್ಡಪ್ಪನವರು ಅರುವತ್ತು ದಾಟಿದವರಾದ್ದರಿಂದ ಅವರಿಗೆ ನೂರಕ್ಕೆ 25ರ ರಿಯಾಯಿತಿ, ಎಂದರೆ ಮುಕ್ಕಾಲು ಟಿಕೆಟ್ಟು. ನಮಗೆ ಪೂರ್ತಿ. ಒಂದೇ ಮನೆಯ ಮೂವರು ಒಂದೇ ಬಸ್ಸಿನಲ್ಲಿ ಮೂರು ಬೆಲೆಯ ಚೀಟಿಗಳನ್ನು ಹಿಡಿದು ಕುಳಿತೆವು. "ಮಕ್ಕಳಿಗೆ ಅರ್ಧ ಟಿಕೆಟ್ಟು, ಮುದುಕರಿಗೆ ಮುಕ್ಕಾಲು. ನಡುವಿನ ಕಾಲುಭಾಗ ನಾವು ಆಯುಷ್ಯದಲ್ಲಿ ಸಂಪಾದಿಸಿದ್ದು" ಎಂದು ಮೇಷ್ಟರು ನಕ್ಕರು.

ಇಲ್ಲಿ ನಾವು ಒಂದು ಗುಟ್ಟನ್ನು ಹೊರಗೆಡಹಬೇಕು. ದೊಡ್ಡಪ್ಪನವರಿಗೆ ಮುಕ್ಕಾಲು ಟಿಕೆಟ್ಟನ್ನು ಕೊಳ್ಳುವ ಅಗತ್ಯವಿರಲಿಲ್ಲ. ನೂರಕ್ಕೆ 40 ಅಥವಾ ಅದಕ್ಕೆ ಮೇಲ್ಪಟ್ಟ ಅಂಗವೈಕಲ್ಯವಿದೆಯೆಂದು ವೈದ್ಯರು ಬರೆದುಕೊಟ್ಟರೆ ವರ್ಷದ ಪಾಸು ದೊರಕುತ್ತದೆ. ಈಚಿನ ವರ್ಷಗಳಲ್ಲಿ ಅದರ ಶುಲ್ಕ 660 ರೂಪಾಯಿ. ವಾಸಸ್ಥಳದಿಂದ 100 ಕಿಲೋಮೀಟರಿನೊಳಗೆ ಎಷ್ಟು ಸಲವಾದರೂ ತಿರುಗಾಡಬಹುದು. ಕಣ್ಣು ಕಾಣದವರಿಗೆ ಶುಲ್ಕವೇ ಇಲ್ಲ, ಅವರ ಪಾಸು ರಾಜ್ಯಕ್ಕೆಲ್ಲ ಸಲ್ಲುತ್ತದೆ. ಮಗನು ಅರ್ಜಿಯನ್ನು ಸಿದ್ಧಮಾಡಿ ಎರಡು ಸಲ ಮುಂದಿಟ್ಟಿದ್ದನು. ಎರಡು ಸಲವೂ ದೊಡ್ಡಪ್ಪನವರು ರುಜು ಹಾಕಲಿಲ್ಲ. "ನಾನು ಮೇಷ್ಟರು. ನೂರಕ್ಕೆ ಇಷ್ಟು ಎಂದು ನಾನು ಹುಡುಗರಿಗೆ ಹಾಕಿದ್ದೇನೆ. ನನಗೆ ಯಾರೂ ಹಾಕಬೇಕಾಗಿಲ್ಲ" ಎಂಬುದು ಅವರ ಉತ್ತರ.

ಅವರ ಹಟವನ್ನು ಮನೆಮಂದಿಯೆಲ್ಲ ಬೈದವರೇ. ನಮಗೆ ಅದರಲ್ಲಿ ಅರ್ಥವಿಲ್ಲದಿಲ್ಲವೆಂದು ತೋರಿತು. ದೊಡ್ಡಮ್ಮನನ್ನು ನೋಡಿರಿ. ಅವಳಿಗೂ ಮಂಡಿನೋವು, ಒಂದು ಕಣ್ಣಿಗೆ ಪೊರೆ. ಆದರೆ ಕಂಡಕ್ಟರನು ಅವಳ ವಯಸ್ಸನ್ನು ಕೇಳುವುದಿಲ್ಲ, ಮಂಡಿಯನ್ನು ಕೇಳುವುದಿಲ್ಲ. ಈ ರಾಜ್ಯದ ಹೆಂಗಸೆಂಬುದು ಚೀಟಿಯಿಂದ ತಿಳಿದರೆ ಆಯಿತು. ಗಂಡನಾದರೋ ಕಾಲುಭಾಗದ ರಿಯಾಯಿತಿಗೆ ತಾನು ಮುದುಕನೆಂದು ತೋರಿಸಬೇಕು, ಅದಕ್ಕಿಂತ ಹೆಚ್ಚು ಬೇಕಾದರೆ ಬತ್ತಿದ ಕೈಯನ್ನು ಮೇಜಿನ ಮೇಲಿಡಬೇಕು. ಸಹಾಯದ ಪ್ರಮಾಣ ಬೆಳೆದಂತೆಲ್ಲ ಹೇಳಿಕೊಳ್ಳಬೇಕಾದ ಕೊರತೆಯೂ ಬೆಳೆಯುತ್ತದೆ. ಎಪ್ಪತ್ತೈದು ತುಂಬಿದ ಗಂಡಸಿಗೂ ಏನನ್ನೂ ಕೇಳದೆ ಒಂದು ಸೊನ್ನೆಯ ಚೀಟಿಯನ್ನು ಹರಿದುಕೊಟ್ಟರೆ ಬೊಕ್ಕಸವು ಬರಿದಾಗಲಾರದೆಂದು ನಮ್ಮ ಅಭಿಪ್ರಾಯ. ಇಂಗ್ಲೆಂಡಿನಲ್ಲಿ 2008ರ ಏಪ್ರಿಲ್ 1ರಿಂದ ವೃದ್ಧರಿಗೂ ಅಂಗವಿಕಲರಿಗೂ ಸ್ಥಳೀಯ ಬಸ್ಸುಗಳಲ್ಲಿ ದೇಶದಾದ್ಯಂತ ಬಿಟ್ಟಿ ಪ್ರಯಾಣವುಂಟು. ಗಂಡು ಹೆಣ್ಣೆಂಬ ಭೇದವಿಲ್ಲ. ಆದರೆ ಕೆಲಸದ ದಿನಗಳಲ್ಲಿ ಬೆಳಗ್ಗೆ ಒಂಬತ್ತೂವರೆಯ ತನಕ ಕಾಯಬೇಕೆಂಬುದು ಅಲ್ಲಿಯ ಸಾಮಾನ್ಯ ನಿಯಮ. ನೆರೆಯ ತಮಿಳುನಾಡಿನಲ್ಲಿ 2021ರಲ್ಲಿ ಹೆಂಗಸರಿಗೆ ಸಾಧಾರಣ ಪಟ್ಟಣದ ಬಸ್ಸನ್ನು ಬಿಟ್ಟಿಯಾಗಿ ಮಾಡಿದಾಗ ಅಂಗವಿಕಲರನ್ನೂ ಅವರೊಡನೆ ಬರುವ ಒಬ್ಬ ಸಹಾಯಕರನ್ನೂ ಸೇರಿಸಿಕೊಂಡರು. ಈ ಸಹಾಯಕರ ವಿಷಯ ಚಿಕ್ಕದಲ್ಲ. ಒಬ್ಬರೇ ಹತ್ತಲಾರದವರಿಗೆ ಒಂದು ಪಾಸೆಂದರೆ ಅರ್ಧ ಪ್ರಯಾಣವೇ. ನಮ್ಮ ರೈಲಿನಲ್ಲಿ ವೃದ್ಧರಿಗಿದ್ದ ರಿಯಾಯಿತಿಯಾದರೋ 2020ರ ಮಾರ್ಚಿಯಲ್ಲಿ ನಿಂತುಹೋಯಿತು. ಅದಕ್ಕೆ ಮೊದಲು ದೊಡ್ಡಪ್ಪನವರು ಮೈಸೂರಿಗೆ ರೈಲಿನಲ್ಲಿಯೇ ಹೋಗುತ್ತಿದ್ದರು.

ನಡುದಾರಿಯ ಒಂದು ಹಳ್ಳಿಯಲ್ಲಿ ಊರುಗೋಲಿನ ಒಬ್ಬ ನಡುವಯಸ್ಸಿನ ಮನುಷ್ಯನು ಹತ್ತಿದನು. ಚಿಕ್ಕಂದಿನಲ್ಲಿ ಪೋಲಿಯೋ ಆಗಿದ್ದಂತೆ ಕಾಣುತ್ತಿತ್ತು. ಹತ್ತಿದ ರೀತಿ ನೋಡತಕ್ಕದ್ದು: ಊರುಗೋಲನ್ನು ಮೊದಲು ಒಳಗೆಸೆದು, ಎರಡು ಕೈಯಿಂದ ಕಂಬಿಯನ್ನು ಹಿಡಿದು ಜೋಕಾಲಿಯಂತೆ ಮೇಲಕ್ಕೆ ಬಂದುಬಿಟ್ಟನು. ಯಾರ ಸಹಾಯವನ್ನೂ ಕಾಯಲಿಲ್ಲ. ದೊಡ್ಡಪ್ಪನವರ ಎದುರಿಗೆ ಕುಳಿತು, ಅಂಗಿಯ ಜೇಬಿನಿಂದ ಪಾಸನ್ನು ಅರ್ಧ ಎಳೆದು ಕಂಡಕ್ಟರನಿಗೆ ತೋರಿಸಿ ಮತ್ತೆ ಒಳಕ್ಕೆ ತಳ್ಳಿದನು. ನರಸೀಪುರದಲ್ಲಿ ಹೊಲಿಗೆಯ ಅಂಗಡಿಯಂತೆ. ದಿನವೂ ಈ ದಾರಿಯಂತೆ.

ದೊಡ್ಡಪ್ಪನವರು ಸ್ವಲ್ಪ ಹೊತ್ತು ನೋಡಿ, "ಅದರಲ್ಲಿ ನೂರಕ್ಕೆ ಎಷ್ಟು ಎಂದು ಬರೆದಿದ್ದಾರೆ?" ಎಂದು ಕೇಳಿಯೇಬಿಟ್ಟರು. ನಮಗೆ ನಾಚಿಕೆಯಾಯಿತು.

ಆ ಮನುಷ್ಯನಿಗೆ ಆಗಲಿಲ್ಲ. "ಎಪ್ಪತ್ತೈದು ಅಂತ ಬರೆದವ್ರೆ ಯಜಮಾನ್ರೆ. ಇಸ್ಕೂಲಲ್ಲಿ ನಂಗೆ ಅಷ್ಟು ಯಾವತ್ತೂ ಬಂದಿರ್ಲಿಲ್ಲ" ಎಂದನು.

ಬಸ್ಸಿನ ಅರ್ಧ ಭಾಗ ನಕ್ಕಿತು. ದೊಡ್ಡಪ್ಪನವರೂ ನಕ್ಕರು. ಆಮೇಲೆ ಇಬ್ಬರೂ ನರಸೀಪುರ ಬರುವ ತನಕ ಮಾತಾಡಿಕೊಂಡರು. ಪಾಸನ್ನು ಪ್ರತಿವರ್ಷವೂ ಹೊಸದು ಮಾಡಿಸಬೇಕಾದದ್ದು, ಈಗ ಅರ್ಜಿಯನ್ನು ಸೇವಾಸಿಂಧುವಿನ ಮೂಲಕ ಹಾಕುವುದು, ಮೈಸೂರಿನ ದೊಡ್ಡಾಸ್ಪತ್ರೆಯು ನೂರು ಕಿಲೋಮೀಟರಿನ ಒಳಗೆ ಬರುವುದು, ಬೆಂಗಳೂರು ಬಾರದೆ ಇರುವುದು, ಇವೆಲ್ಲ ನಮ್ಮ ಕಿವಿಗೂ ಬಿದ್ದವು. ಇಳಿಯುವಾಗ ಅವನು ತಾನು ಮೊದಲು ಇಳಿದು, ಊರುಗೋಲನ್ನು ಕಂಕುಳಲ್ಲಿ ಬಿಗಿಹಿಡಿದು ಇನ್ನೊಂದು ಕೈಯನ್ನು ದೊಡ್ಡಪ್ಪನವರಿಗೆ ಕೊಟ್ಟನು. ನಾವು ಹಿಂದೆಯೇ ಇದ್ದೆವು. ಆದರೂ ಅವರು ಅವನ ಕೈಯನ್ನೇ ಹಿಡಿದು ಇಳಿದರು.

ಊಟವಾದ ಮೇಲೆ ಆಟೋರಿಕ್ಷಾ ಮಾಡಿಕೊಂಡು ಸಂಗಮಕ್ಕೆ ಹೋದೆವು. ಅದರ ಬಾಡಿಗೆಗೆ ರಿಯಾಯಿತಿಯೆಂಬುದು ಯಾರಿಗೂ ಇಲ್ಲ. ಬಸ್ಸಿನಲ್ಲಿ ದೊಡ್ಡಮ್ಮ ಉಳಿಸಿದ್ದೆಲ್ಲ ಈ ಅಲ್ಪದೂರಕ್ಕೇ ಹೋಯಿತು. ಕಾವೇರಿ, ಕಪಿಲೆ, ಕಣ್ಣಿಗೆ ಕಾಣದ ಸ್ಫಟಿಕ ಸರೋವರ, ಈ ಮೂರು ಕೂಡುವ ಸ್ಥಳವಿದು. 1989ರಿಂದ ಇಲ್ಲಿ ಮೂರು ವರ್ಷಕ್ಕೊಮ್ಮೆ ಕುಂಭಮೇಳ ನಡೆಯುತ್ತ ಬಂದಿದೆ. 2025ರ ಫೆಬ್ರವರಿಯಲ್ಲಿಯೂ ಆಯಿತು. ನಾವು ಹೋದ ದಿನ ಅಂಥ ಗದ್ದಲವಿರಲಿಲ್ಲ. ಎದುರುದಡದಲ್ಲಿ ಅಗಸ್ತ್ಯೇಶ್ವರನ ಗುಡಿ, ಈಚೆಯಲ್ಲಿ ಗುಂಜಾ ನರಸಿಂಹಸ್ವಾಮಿ. ಈ ಸ್ವಾಮಿಯ ಬೆರಳಿನ ನಡುವೆ ಒಂದು ಗುಲಗಂಜಿಯುಂಟು; ಕಾಶಿಗಿಂತ ಈ ಕ್ಷೇತ್ರದ ಪುಣ್ಯವು ಒಂದು ಗುಲಗಂಜಿಯಷ್ಟು ಹೆಚ್ಚೆಂದು ಅದರ ಅರ್ಥವಂತೆ. ಸೋಪಾನದಲ್ಲಿ ನೀರಿನವರೆಗೆ ಇಳಿಯುವುದು ದೊಡ್ಡಪ್ಪನವರಿಂದಾಗಲಿಲ್ಲ. ಮೇಲಿನ ಮೆಟ್ಟಿಲಲ್ಲಿ ಕುಳಿತರು. ದೊಡ್ಡಮ್ಮ ಸೆರಗನ್ನು ಸಿಕ್ಕಿಸಿಕೊಂಡು ಮಂಡಿಯ ಮೇಲೆ ಕೈಯೂರುತ್ತ ಒಂದೊಂದೇ ಮೆಟ್ಟಿಲಿಳಿದು, ಬೊಗಸೆಯಲ್ಲಿ ನೀರನ್ನು ತಂದಳು. ದಾರಿಯಲ್ಲಿ ಬಹುಪಾಲು ಸೋರಿಹೋಗಿತ್ತು. ಉಳಿದುದನ್ನು ಗಂಡನ ಎಡಗೈಗೆ ಸವರಿದಳು. ಇಬ್ಬರೂ ಏನನ್ನೂ ಆಡಲಿಲ್ಲ. ನಾವೂ ಬೇರೆ ಕಡೆ ನೋಡಿದೆವು.

ಸಂಜೆಯ ಬಸ್ಸಿನಲ್ಲಿ ಶಾಲೆಯ ಹುಡುಗಿಯರು ತುಂಬಿದ್ದರು. ಒಬ್ಬಳು ಎದ್ದು ದೊಡ್ಡಪ್ಪನವರಿಗೆ ಸ್ಥಳ ಬಿಟ್ಟಳು. ಮತ್ತೆ ಸೊನ್ನೆಯ ಚೀಟಿ, ಮುಕ್ಕಾಲು ಚೀಟಿ, ಪೂರ್ತಿ ಚೀಟಿ. ದೊಡ್ಡಪ್ಪನವರು ತಮ್ಮದನ್ನು ಬೆಳಗಿನ ಚೀಟಿಯ ಜೊತೆಗೆ ಮಡಿಸಿ ಕನ್ನಡಕದ ಡಬ್ಬಿಯಲ್ಲಿಟ್ಟುಕೊಂಡರು. ನಂಜನಗೂಡಿನ ದೀಪಗಳು ಕಾಣಿಸುವ ಹೊತ್ತಿಗೆ ನಮ್ಮ ಕಡೆಗೆ ಬಾಗಿ ಮೆಲ್ಲಗೆ ಕೇಳಿದರು:

"ಆ ನೂರು ಕಿಲೋಮೀಟರನ್ನು ಅಳೆಯುವುದು ಮನೆಯ ಬಾಗಿಲಿನಿಂದಲೋ, ಬಸ್ಸುನಿಲ್ದಾಣದಿಂದಲೋ?"

"ಎಲ್ಲಿಂದ ಅಳೆದರೂ ನನ್ನ ತಂಗಿಯ ಮನೆ ಒಳಗೇ ಬರುತ್ತೆ" ಎಂದಳು ದೊಡ್ಡಮ್ಮ, ಕಿಟಕಿಯಿಂದ ತಲೆ ತಿರುಗಿಸದೆ.