ಆರೋ ಒಂಬತ್ತೋ: ಒಂದು ಹಳೇ ಕಂಪ್ಯೂಟರಿನ ಕಥೆ

ಈ ಕಡೆ ತಲೆ ಹಾಕದೆ ಎರಡು ತಿಂಗಳ ಮೇಲಾಯ್ತು. "ಏನ್ ಮಾರಾಯಾ, ಬರೆಯೋದು ಬಿಟ್ಟೇಬಿಟ್ಯಾ?" ಅಂತ ಒಂದಿಬ್ಬರು ಮೇಲ್ ಮಾಡಿ ಕೇಳಿದ್ದೂ ಆಯ್ತು. ಬಿಟ್ಟಿಲ್ಲ. ಶನಿವಾರ, ಭಾನುವಾರಗಳನ್ನೆಲ್ಲ ನನಗಿಂತ ಹತ್ತು ಹನ್ನೆರಡು ವರ್ಷ ದೊಡ್ಡದಾದ ಒಂದು ಕಂಪ್ಯೂಟರು ನುಂಗಿ ಹಾಕ್ತು, ಅಷ್ಟೇ. ಇದು ಅದರ ಕಥೆ. ಮಧ್ಯೆ ಸ್ವಲ್ಪ ಲೆಕ್ಕ, ಸ್ವಲ್ಪ ತಂತಿ ಎಲ್ಲ ಬರುತ್ತೆ, ಸಹಿಸಿಕೊಳ್ಳಿ :)

ಕಂಪ್ಯೂಟರಿನ ಹೆಸರು ಬಿಬಿಸಿ ಮೈಕ್ರೋ, ಮಾಡೆಲ್ ಬಿ. ಇಂಗ್ಲೆಂಡಿನ ಏಕಾರ್ನ್ ಕಂಪನಿ 1981ರಲ್ಲಿ ತಂದಿದ್ದು. ಅಲ್ಲಿನ ಬಿಬಿಸಿ ಟಿವಿಯವರು ಜನಕ್ಕೆ ಕಂಪ್ಯೂಟರ್ ಕಲಿಸೋಕೆ ಹೊರಟಿದ್ದರಲ್ಲ, ಆ ಕಾರ್ಯಕ್ರಮಕ್ಕೆ ಅಂತ ಆದ ಯಂತ್ರ. 6502 ಪ್ರೊಸೆಸರ್, 2 ಮೆಗಾಹರ್ಟ್ಸ್ ವೇಗ, 32 ಕೆಬಿ ಮೆಮೊರಿ. ಮೆಗಾ ಅಲ್ಲ, ಕೆಬಿ. ಈ ಬರಹದ ಜೊತೆ ಒಂದು ಫೋಟೋ ಹಾಕಿದ್ದರೆ ಅದೇ ಅದರೊಳಗೆ ಹಿಡಿಯುತ್ತಿರಲಿಲ್ಲ.

ಇಂಗ್ಲೆಂಡಿನ ಯಂತ್ರ ಹಾಸನಕ್ಕೆ ಹೇಗೆ ಬಂತು ಅಂತೀರಾ? 1984ರಲ್ಲಿ ಕೇಂದ್ರ ಸರ್ಕಾರ 'ಕ್ಲಾಸ್' ಅಂತ ಒಂದು ಯೋಜನೆ ಶುರು ಮಾಡ್ತು. ಶಾಲೆ ಮಕ್ಕಳಿಗೆ ಕಂಪ್ಯೂಟರ್ ಪರಿಚಯ ಮಾಡಿಸೋದು. ಮೊದಲ ಕಂತಿನಲ್ಲಿ ದೇಶದ ಸುಮಾರು 250 ಶಾಲೆಗಳು. ಅವಕ್ಕೆಲ್ಲ ಕೊಟ್ಟಿದ್ದು ಇದೇ ಬಿಬಿಸಿ ಮೈಕ್ರೋ. ಆಮೇಲೆ ಚಂಡೀಗಢದ ಪಕ್ಕದ ಮೊಹಾಲಿಯಲ್ಲಿದ್ದ ಸರ್ಕಾರಿ ಸೆಮಿಕಂಡಕ್ಟರ್ ಕಾಂಪ್ಲೆಕ್ಸಿನಲ್ಲೂ ಇವನ್ನು ಜೋಡಿಸುತ್ತಿದ್ದರು. ನಮ್ಮ ದೊಡ್ಡಪ್ಪ ಆಗ ಗಣಿತದ ಮೇಷ್ಟ್ರು. ಅವರಿದ್ದ ಶಾಲೆಗೂ ಬಂತು. ತರಬೇತಿಗೆ ಯಾರು ಹೋಗ್ತೀರಿ ಅಂದಾಗ ಬೇರೆ ಮೇಷ್ಟ್ರುಗಳೆಲ್ಲ ಒಬ್ಬರ ಮುಖ ಒಬ್ಬರು ನೋಡಿದರಂತೆ, ಇವರು ಕೈ ಎತ್ತಿದರಂತೆ. ಹಲವು ವರ್ಷ ಕಳೆದ ಮೇಲೆ ಶಾಲೆಯವರು ಹಳೇ ಸಾಮಾನು ಹರಾಜು ಹಾಕಿದಾಗ ಇದನ್ನೂ ಹಾಕಿದರು. ದೊಡ್ಡಪ್ಪ ಕೂಗಿ ತಗೊಂಡು ಬಂದು, ಬೆಡ್‌ಶೀಟಿನಲ್ಲಿ ಸುತ್ತಿ ಅಟ್ಟಕ್ಕೆ ಹಾಕಿದರು. ಮಾನಿಟರ್ ಅಷ್ಟರಲ್ಲೇ ಕೆಟ್ಟು ಗುಜರಿಗೆ ಹೋಗಿತ್ತು.

ಈಗ ಯಾಕೆ ಕೆಳಗಿಳಿಸಿದ್ದು ಅಂದರೆ ದೊಡ್ಡಪ್ಪನ ಕಣ್ಣು. ವಯಸ್ಸಾದವರಿಗೆ ಅಕ್ಷಿಪಟಲದ ನಡುಭಾಗ ಸವೆಯುವ ಕಾಯಿಲೆಯಿದೆ, ಮ್ಯಾಕ್ಯುಲಾದ ತೊಂದರೆ. ಪಕ್ಕದ್ದೆಲ್ಲ ಕಾಣುತ್ತೆ, ನೇರ ನೋಡಿದ್ದು ಮಾತ್ರ ಮಸುಕು. ಬಾಗಿಲಲ್ಲಿ ಯಾರೋ ನಿಂತಿದ್ದಾರೆ ಅಂತ ಗೊತ್ತಾಗುತ್ತೆ, ಮುಖ ಗೊತ್ತಾಗಲ್ಲ. ಎಡಗಣ್ಣು ಆಗಲೇ ಹೋಗಿದೆ. ಬಲಗಣ್ಣಿಗೆ ಇಂಜೆಕ್ಷನ್ ನಡೀತಿದೆ, ಆದರೆ ಎಷ್ಟು ದಿನ ನಿಲ್ಲುತ್ತೆ ಅಂತ ಡಾಕ್ಟರೂ ಹೇಳಲ್ಲ. ಯುಗಾದಿಗೆ ಹೋದಾಗ ಒಂದು ಚೌಕಳಿ ಪುಸ್ತಕ ತೆಗೆದು ನನ್ನ ಕೈಗಿಟ್ಟರು. "ಇದನ್ನ ಒಂದ್ಸಲ ಸ್ಕ್ರೀನ್ ಮೇಲೆ ನೋಡಬೇಕು ಕಣೋ. ಆಮೇಲೆ ಬಿಡು."

ಪುಸ್ತಕ ತೆರೆದು ನೋಡಿದರೆ ಕನ್ನಡ ಅಂಕಿಗಳು! ಬಿಬಿಸಿ ಮೈಕ್ರೋದಲ್ಲಿ ನಮ್ಮದೇ ಅಕ್ಷರ ಮಾಡಿಕೊಳ್ಳಬಹುದು. ಒಂದು ಅಕ್ಷರಕ್ಕೆ ಅಡ್ಡ ಎಂಟು, ಉದ್ದ ಎಂಟು ಚುಕ್ಕಿ. ಒಂದೊಂದು ಸಾಲನ್ನೂ ಒಂದು ಸಂಖ್ಯೆ ಮಾಡಿ 'ವಿಡಿಯು 23' ಅನ್ನೋ ಆಜ್ಞೆಗೆ ಕೊಡಬೇಕು. ನಡುವಿನ ನಾಲ್ಕು ಚುಕ್ಕಿ ಹೊತ್ತಿಸಬೇಕಾದರೆ 32+16+8+4, ಅಂದರೆ 60. ಆಚೆ ಈಚೆ ಒಂದೊಂದು ಚುಕ್ಕಿ ಬೇಕಾದರೆ 64+2, ಅಂದರೆ 66. ಸೊನ್ನೆಗೆ ಮೇಲೊಂದು ಕೆಳಗೊಂದು 60, ನಡುವೆ ನಾಲ್ಕು 66. ಹೀಗೆ ೦ಯಿಂದ ೯ರವರೆಗೆ ಹತ್ತು ಅಂಕಿಗಳನ್ನು ಪೆನ್ಸಿಲಿನಲ್ಲಿ ಚೌಕ ತುಂಬಿ, ಅಳಿಸಿ, ಮತ್ತೆ ತುಂಬಿ ಬರೆದಿದ್ದಾರೆ. 224ರಿಂದ 233ರವರೆಗಿನ ಅಕ್ಷರಸಂಖ್ಯೆಗಳಿಗೆ ಜೋಡಿಸಿದ್ದಾರೆ. ಆಮೇಲೆ ಎರಡು ಪುಟದಷ್ಟು ಬೇಸಿಕ್ ಪ್ರೋಗ್ರಾಮ್. ಎಷ್ಟರ ಮಗ್ಗಿ ಅಂತ ಕೇಳುತ್ತೆ, ಹೇಳಿದರೆ ಕನ್ನಡ ಅಂಕಿಯಲ್ಲಿ ಮಗ್ಗಿ ಬರೆಯುತ್ತೆ. ಇವತ್ತು ನಾವು ಯೂನಿಕೋಡಿನಲ್ಲಿ ಟಪಟಪ ಅಂತ ಕುಟ್ಟುತ್ತೀವಲ್ಲ, ಈ ಮನುಷ್ಯ 1980ರ ದಶಕದಲ್ಲಿ ಯಾರೂ ಹೇಳದೆ ಹಾಸನದಲ್ಲಿ ಕೂತು ಅಂಕಿ ಕೊರೆದಿದ್ದಾರೆ.

ಎಮ್ಯುಲೇಟರಿನಲ್ಲಿ ಹಾಕಿ ಲ್ಯಾಪ್‌ಟಾಪಿನಲ್ಲಿ ತೋರಿಸಬಹುದಿತ್ತಲ್ಲ ಅಂತ ನಿಮ್ಮಲ್ಲಿ ಕೆಲವರಾದರೂ ಕೇಳ್ತೀರಿ. ಕೇಳಿದೆ ನಾನೂ. "ಅದು ನಿನ್ನ ಕಂಪ್ಯೂಟರು" ಅಂದರು. ಮುಗೀತು.

ಯಂತ್ರವನ್ನು ಬೆಂಗಳೂರಿಗೆ ತಂದೆ. ಮೊದಲ ಕೆಲಸ ಪವರ್ ಸಪ್ಲೈ ಬಿಚ್ಚಿದ್ದು. ಇವುಗಳೊಳಗೆ ರೀಫಾ ಕಂಪನಿಯ ಎರಡು ಕೆಪಾಸಿಟರ್ ಇರುತ್ತವೆ, ಮೇಲ್ಗವಚ ಬಿರುಕು ಬಿಟ್ಟು ತೇವ ಎಳೆದುಕೊಂಡಿರುತ್ತವೆ. ಕರೆಂಟು ಕೊಟ್ಟರೆ ಸ್ವಲ್ಪ ಹೊತ್ತಿಗೇ ಮನೆ ತುಂಬ ಗಬ್ಬು ಹೊಗೆ. ಎರಡನ್ನೂ ಕಿತ್ತು ಹೊಸದು ಹಾಕಿ, ಆಮೇಲೆ ಸ್ವಿಚ್ ಒತ್ತಿದೆ. 'ಬೀ...ಬೂಪ್' ಅಂತು! ಆ ಸದ್ದು ಬಂತು ಅಂದರೆ ಒಳಗೆ ಜೀವ ಇದೆ ಅಂತ ಅರ್ಥ. ಆದರೆ ನೋಡೋದು ಎಲ್ಲಿ?

ಇಲ್ಲಿಂದ ಶುರು ನೋಡಿ ಅಸಲಿ ರಾಮಾಯಣ.

ಈ ಯಂತ್ರ ಹುಟ್ಟಿದ್ದು ಟಿವಿಗೆ. 625 ಗೆರೆ, ಸೆಕೆಂಡಿಗೆ 50 ಸಲ. ಒಂದು ಗೆರೆಗೆ 64 ಮೈಕ್ರೋಸೆಕೆಂಡ್, ಅಂದರೆ ಸೆಕೆಂಡಿಗೆ 15,625 ಗೆರೆ. ವಿಜಿಎ ಮಾನಿಟರು ಬಯಸೋದು ಸುಮಾರು 31,500 ಗೆರೆ, ಹೆಚ್ಚುಕಡಿಮೆ ಎರಡರಷ್ಟು. ಹೀಗಾಗಿ ತಂತಿ ಸೇರಿಸಿ ಈಗಿನ ಎಲ್‌ಸಿಡಿ ಮಾನಿಟರಿಗೆ ಚುಚ್ಚಿದರೆ 'ವ್ಯಾಪ್ತಿಯಲ್ಲಿಲ್ಲ' ಅಂತ ಒಂದು ಡಬ್ಬಿ ತೇಲುತ್ತೆ, ಅಷ್ಟೇ. ಕನೆಕ್ಟರ್ ಹೊಂದುತ್ತೋ ಇಲ್ಲವೋ ಅನ್ನೋದು ಆಮೇಲಿನ ಮಾತು, ತಾಳವೇ ಬೇರೆ.

ಹಿಂದುಗಡೆ ಮೂರು ತೂತಿದೆ. ಒಂದು ಆಂಟೆನಾ ಸಂಕೇತದ್ದು, ಅದನ್ನು ಬಿಡಿ. ಎರಡನೆಯದು ಕಾಂಪೋಸಿಟ್. ಕಾರ್ಖಾನೆಯಿಂದ ಬಂದಹಾಗೇ ಇದ್ದರೆ ಅದರಲ್ಲಿ ಕಪ್ಪು ಬಿಳುಪು ಮಾತ್ರ. ನಮ್ಮ ಮನೆ ಟಿವಿಯ ಹಳದಿ ತೂತಿಗೆ ಹಾಕಿದೆ. ಚಿತ್ರ ಬಂತು, ಆದರೆ ಅಕ್ಷರಗಳೆಲ್ಲ ಪಟಪಟ ನಡುಗುತ್ತವೆ. ಈ ಯಂತ್ರ ಇಂಟರ್‌ಲೇಸ್ ಮಾಡುತ್ತೆ, ಅಂದರೆ ಒಂದು ಸಲ ಬೆಸ ಗೆರೆ, ಇನ್ನೊಂದು ಸಲ ಸಮ ಗೆರೆ. ಈಗಿನ ಟಿವಿ ಎರಡನ್ನೂ ಕಲಸಿ ತೋರಿಸೋಕೆ ಹೋಗಿ ಮೊಸರನ್ನ ಮಾಡುತ್ತೆ. ಅದನ್ನು ನಿಲ್ಲಿಸೋಕೆ ಒಂದು ಆಜ್ಞೆ ಇದೆ, 'ಸ್ಟಾರ್ ಟಿವಿ 0,1'. (ಚಾನೆಲ್ ಅಲ್ಲ ಮಾರಾಯ್ರೇ, ನಕ್ಷತ್ರ ಚಿಹ್ನೆ ಹಾಕಿ ಟಿವಿ ಅಂತ ಟೈಪ್ ಮಾಡೋದು.) ಮುಂದಿನ ಸಲ ಮೋಡ್ ಬದಲಿಸಿದಾಗ ಅದು ಜಾರಿಗೆ ಬರುತ್ತೆ. ಶುರುವಿನಲ್ಲೇ ಕಾಣುವ ಮೋಡ್ 7ಕ್ಕೆ ಮಾತ್ರ ಇದು ಲಾಗೂ ಆಗಲ್ಲ. ಅದರ ಅಕ್ಷರಗಳು ಬೇರೆಯೇ ಒಂದು ಟೆಲಿಟೆಕ್ಸ್ಟ್ ಚಿಪ್ಪಿನೊಳಗಿಂದ ಬರುತ್ತವೆ, ಅಲ್ಲಿ ನಮ್ಮ ಅಂಕಿಗೂ ಜಾಗ ಇಲ್ಲ. ಹಾಗಾಗಿಯೇ ದೊಡ್ಡಪ್ಪ ಬರೆದಿದ್ದು ಮೋಡ್ 4ರಲ್ಲಿ: 320ಕ್ಕೆ 256 ಚುಕ್ಕಿ, ಎರಡು ಬಣ್ಣ.

ನಡುಕ ನಿಂತ ಮೇಲೂ ಚಿತ್ರ ಮೆತ್ತಗೇ ಇತ್ತು. ನನ್ನ ಕಣ್ಣಿಗೆ ಅಡ್ಡಿಯಿಲ್ಲ. ಆದರೆ ನೋಡಬೇಕಾದ್ದು ನನ್ನ ಕಣ್ಣಲ್ಲವಲ್ಲ.

ಮೂರನೆಯ ತೂತು ಆರ್‌ಜಿಬಿ, ಆರು ಕಾಲಿನ ಡಿನ್ ಸಾಕೆಟ್ಟು. ಕೆಂಪು, ಹಸಿರು, ನೀಲಿ, ಸಿಂಕ್, ನೆಲ, ಮತ್ತೆ 5 ವೋಲ್ಟು. ಒಂದೊಂದು ಬಣ್ಣವೂ ಇದೆ ಅಥವಾ ಇಲ್ಲ ಅಷ್ಟೇ, ಹಾಗಾಗಿ ಒಟ್ಟು ಎಂಟು ಬಣ್ಣ. ಎಸ್‌ಪಿ ರೋಡಿನಲ್ಲಿ ನಾಲ್ಕನೇ ಅಂಗಡಿಯವರು "ಐದು ಕಾಲಿಂದು ಇದೆ ಸಾರ್, ಆರು ಕಾಲಿಂದು ಏನಕ್ಕೆ?" ಅಂದರು. ಏಳನೇ ಅಂಗಡಿಯ ಅಜ್ಜ ಏನೂ ಕೇಳದೆ ಡಬ್ಬಿ ತೆಗೆದು ಎರಡು ಕೊಟ್ಟರು.

ಮೊದಲು ಅಗ್ಗದ ದಾರಿ. ವಿಡಿಯೋ ಗೇಮ್ ಪೆಟ್ಟಿಗೆಗಳಿಗೆ ಅಂತ ಚೀನಾದಿಂದ ಬರುವ ಜಿಬಿಎಸ್-8200 ಅನ್ನೋ ಬೋರ್ಡು 15 ಕಿಲೋಹರ್ಟ್ಸ್ ತಗೊಂಡು ವಿಜಿಎ ಕೊಡುತ್ತೆ. ಅದಕ್ಕೆ ಬಣ್ಣದ ಸಂಕೇತ 0.7 ವೋಲ್ಟ್ ಇರಬೇಕು, ನಮ್ಮದು 5 ವೋಲ್ಟಿನ ಕಡೆಯದು. ಆ ಕಡೆ 75 ಓಮ್ ಇದೆ ಅಂತಿಟ್ಟುಕೊಂಡರೆ ಈ ಕಡೆ ಸುಮಾರು 460 ಬೇಕು, ಅಂಗಡಿಯಲ್ಲಿ ಸಿಗೋದು 470. ಒಂದೊಂದು ಬಣ್ಣಕ್ಕೂ ಒಂದೊಂದು ಬೆಸುಗೆ ಹಾಕಿದೆ. ಬಣ್ಣ ಬಣ್ಣದ ಚಿತ್ರ ಮಾನಿಟರಿನಲ್ಲಿ ಮೂಡಿತು! ಆ ರಾತ್ರಿ ಒಂದು ಗಂಟೆವರೆಗೂ ಕೂತು ಪುಸ್ತಕ ನೋಡಿ ಪ್ರೋಗ್ರಾಮ್ ಪೂರ್ತಿ ಟೈಪ್ ಮಾಡಿದೆ. ಆರರ ಮಗ್ಗಿ ಕೇಳಿದೆ.

೬ ಯಾವುದು, ೯ ಯಾವುದು ಗೊತ್ತಾಗಲಿಲ್ಲ.

ಎಂಟು ಚುಕ್ಕಿಯಲ್ಲಿ ಕನ್ನಡದ ಆರಕ್ಕೂ ಒಂಬತ್ತಕ್ಕೂ ಇರುವ ವ್ಯತ್ಯಾಸ ಬಾಲದ ಒಂದೆರಡು ಚುಕ್ಕಿ. ಪುಸ್ತಕದಲ್ಲಿ ದೊಡ್ಡಪ್ಪ ಅತಿ ಹೆಚ್ಚು ಸಲ ಅಳಿಸಿ ಬರೆದಿದ್ದೂ ಅವೆರಡನ್ನೇ, ಕಾಗದ ಅಲ್ಲಿ ತೂತಾಗುವ ಹಾಗಿದೆ. ಜಿಬಿಎಸ್ ಬೋರ್ಡಿಗೆ ಬಿಬಿಸಿಯ ಒಂದು ಚುಕ್ಕಿ ಎಲ್ಲಿ ಶುರುವಾಗುತ್ತೆ, ಎಲ್ಲಿ ಮುಗಿಯುತ್ತೆ ಅಂತ ಗೊತ್ತಿಲ್ಲ. ಅದು ತನ್ನದೇ ಗಡಿಯಾರ ಇಟ್ಟುಕೊಂಡು ಗೆರೆಯನ್ನು ಕತ್ತರಿಸುತ್ತೆ. ಕತ್ತರಿ ಚುಕ್ಕಿಯ ನಡುವೆ ಬಿದ್ದರೆ ಅರ್ಧ ಬಣ್ಣ, ಅರ್ಧ ಕಪ್ಪು, ಒಟ್ಟು ಬೂದಿ. ಒಂದು ಚುಕ್ಕಿಯ ಬಾಲ ಬೂದಿಯಾದರೆ ಉಳಿದದ್ದೇನು? ನಡು ದೃಷ್ಟಿ ಮಸುಕಾದವರ ಮುಂದೆ ಇದನ್ನಿಟ್ಟು "ನೋಡಿ ದೊಡ್ಡಪ್ಪ, ಬಂತು" ಅನ್ನೋಕೆ ಮನಸ್ಸು ಒಪ್ಪಲಿಲ್ಲ. ಹೂಂ ಹೂಂ ಅಂದುಬಿಡುತ್ತಾರೆ ಅವರು, ಅದು ಇನ್ನೂ ಕಷ್ಟ.

ಅಷ್ಟರಲ್ಲಿ ಹಾಸನದಿಂದ ದೊಡ್ಡಮ್ಮನ ಫೋನು. ಈ ಸಲದ ಪರೀಕ್ಷೆಯಲ್ಲಿ ಬಲಗಣ್ಣೂ ಇನ್ನೊಂದು ಸಾಲು ಕಡಿಮೆ ಓದಿದೆಯಂತೆ.

ಆರ್‌ಜಿಬಿ ಟು ಎಚ್‌ಡಿಎಂಐ ಅನ್ನೋ ಇನ್ನೊಂದು ಉಪಾಯ ಇದೆ. ಇಂಗ್ಲೆಂಡಿನ ಬಿಬಿಸಿ ಮೈಕ್ರೋ ಹವ್ಯಾಸಿಗಳು ಮಾಡಿದ್ದು, ವಿನ್ಯಾಸವನ್ನೆಲ್ಲ ಮುಕ್ತವಾಗಿ ಇಟ್ಟಿದ್ದಾರೆ. ಪುಟ್ಟ ರಾಸ್ಪ್‌ಬೆರಿ ಪೈ ಝೀರೋ, ಅದರ ತಲೆ ಮೇಲೆ ಒಂದು ಚಿಪ್ಪಿನ ಬೋರ್ಡು. ರೆಸಿಸ್ಟರ್ ಗಿಸಿಸ್ಟರ್ ಬೇಡ, 5 ವೋಲ್ಟನ್ನು ಹಾಗೇ ತಿನ್ನುತ್ತೆ. ಇದರ ಜಾಣತನ ಏನಪ್ಪಾ ಅಂದರೆ ಕತ್ತರಿಸೋ ಮೊದಲು ಬಟ್ಟೆ ಅಳೆಯುತ್ತೆ! ಬಿಬಿಸಿಯ ಒಳಗಿನ ಗಡಿಯಾರ 16 ಮೆಗಾಹರ್ಟ್ಸ್ ಅಂತ ಅದಕ್ಕೆ ಗೊತ್ತು. ಒಂದೊಂದು ಗೆರೆಯ ಸಿಂಕ್ ಸಂಕೇತದಿಂದ ಎಣಿಸಿ, ಚುಕ್ಕಿಯ ಅಂಚು ಬಿಟ್ಟು ಹೊಟ್ಟೆಯಲ್ಲೇ ಮಾದರಿ ತಗೊಳ್ಳುತ್ತೆ. ಒಂದು ಸಲ ಗುಂಡಿ ಒತ್ತಿ ಹೊಂದಿಸಿದರೆ ಆಯ್ತು. ಆಮೇಲೆ ಬೂದಿ ಅನ್ನೋದೇ ಇಲ್ಲ, ಇದ್ದರೆ ಇದೆ, ಇಲ್ಲದಿದ್ದರೆ ಇಲ್ಲ. 256 ಗೆರೆಯನ್ನು ನಾಲ್ಕರಷ್ಟು ಮಾಡಿದರೆ 1024, ಟಿವಿಯ 1080ರಲ್ಲಿ ಸಲೀಸಾಗಿ ಹಿಡಿಯುತ್ತೆ. ಸೆಕೆಂಡಿಗೆ 50 ಸಲ ಬರೆಯೋದನ್ನೂ ಹಾಗೇ ಉಳಿಸಿಕೊಳ್ಳಬಹುದು. ನನ್ನ ಮೇಜಿನ ಮಾನಿಟರು 50ಕ್ಕೆ ಮುಖ ತಿರುಗಿಸಿತು, ಮನೆಯ ಟಿವಿ ಮರುಮಾತಿಲ್ಲದೆ ಒಪ್ಪಿತು. ಟಿವಿಗೆ 50 ಹಳೇ ನೆಂಟಸ್ತಿಕೆ.

ಕಳೆದ ಶನಿವಾರ ಎಲ್ಲವನ್ನೂ ಕಾರಿಗೆ ಹಾಕಿಕೊಂಡು ಹಾಸನಕ್ಕೆ ಹೋದೆ. ಅವರ ಮನೆಯ 32 ಇಂಚಿನ ಟಿವಿಗೆ ಜೋಡಿಸಿದೆ. ಪ್ರೋಗ್ರಾಮನ್ನು ಮತ್ತೆ ಟೈಪ್ ಮಾಡಬೇಕಾಯ್ತು, ಈ ಯಂತ್ರಕ್ಕೆ ಕರೆಂಟು ತೆಗೆದರೆ ಎಲ್ಲ ಮರೆತುಹೋಗುತ್ತೆ. ನಾನು ಕೀಲಿ ಒತ್ತಿದೆ, ದೊಡ್ಡಪ್ಪ ಪುಸ್ತಕ ನೋಡದೆ ಸಾಲು ಸಾಲಾಗಿ ಹೇಳಿಕೊಟ್ಟರು. ಒಂದು ಕಡೆ ನಾನು ಪುಸ್ತಕ ನೋಡಿ "ಇಲ್ಲಿ 130 ಅಂತ ಇದೆಯಲ್ಲ" ಅಂದರೆ "ಆಮೇಲೆ 140 ಮಾಡಿದ್ದೆ, ಬರೆದುಕೊಂಡಿರಲಿಲ್ಲ" ಅಂದರು. ಹಾಗೇ ಹಾಕಿದೆ.

ಕುರ್ಚಿ ಎಳೆದುಕೊಂಡು ಟಿವಿಯಿಂದ ಒಂದು ಅಡಿ ದೂರದಲ್ಲಿ ಕೂತರು. ಮುಖವನ್ನು ಸ್ವಲ್ಪ ಎಡಕ್ಕೆ ತಿರುಗಿಸಿ, ಉಳಿದಿರುವ ಪಕ್ಕದ ದೃಷ್ಟಿಯಲ್ಲಿ ನೋಡೋದು ಈಗ ಅವರಿಗೆ ಅಭ್ಯಾಸವಾಗಿದೆ. ಕಪ್ಪಿನ ಮೇಲೆ ಬಿಳಿ ಅಂಕಿ. "ಬಿಳಿ ಕಣ್ಣು ಕುಕ್ಕುತ್ತೆ, ಹಳದಿ ಮಾಡು. ವಿಡಿಯು 19, 1, 3, ಆಮೇಲೆ ಮೂರು ಸೊನ್ನೆ" ಅಂದರು. ಮಾಡಿದೆ. ಹಳದಿಯಾಯಿತು. ಯಾವ ಮಗ್ಗಿ ಅಂತ ಕಂಪ್ಯೂಟರು ಕೇಳಿತು, ಅವರೇ ಕೈ ಚಾಚಿ ತಡವರಿಸದೆ ಆರು ಒತ್ತಿದರು.

"ಆರೊಂದ್ಲೆ ಆರು" ಅಂತ ಓದಿದರು. ಮುಂದಿನದನ್ನು ಓದಲಿಲ್ಲ. ಎದ್ದು ಟಿವಿಗೆ ಮೂಗು ತಾಗುವಷ್ಟು ಹತ್ತಿರ ಹೋಗಿ, ಆರಾರ್ಲೆ ಮೂವತ್ತಾರನ್ನು ದಾಟಿ, ಆರೊಂಬತ್ಲೆ ಐವತ್ತನಾಲ್ಕರ ಸಾಲಿಗೆ ಬೆರಳು ಇಟ್ಟರು. ೬ರ ಪಕ್ಕದಲ್ಲೇ ೯.

"ಬಾಲ ಕಾಣ್ತಿದೆ ಕಣೋ" ಅಂದರು. "ಈ ಒಂಬತ್ತಿಗೆ ಎಷ್ಟು ಒದ್ದಾಡಿದ್ದೆ ಗೊತ್ತಾ? ಆದರೂ ಸರಿ ಬಂದಿಲ್ಲ. ಮೂರನೇ ಸಾಲು ಒಂದು ಚುಕ್ಕಿ ಬಲಕ್ಕೆ ಹೋಗಬೇಕು."

ದೊಡ್ಡಮ್ಮ ಕಾಫಿ ತಂದು, ಟಿವಿ ನೋಡಿ, "ಇದಕ್ಕಾ ಎರಡು ತಿಂಗಳು?" ಅಂದು ಒಳಗೆ ಹೋದರು. ಮೂರನೇ ಸಾಲನ್ನು ತಿದ್ದಿದೆವು. ಆಮೇಲೆ ಏಳರ ಮಗ್ಗಿ, ಹದಿಮೂರರದ್ದು, ಹತ್ತೊಂಬತ್ತರದ್ದು. ರಾತ್ರಿ ಊಟಕ್ಕೆ ಕರೆಯೋವರೆಗೂ ನಡೀತು.

ಯಂತ್ರ ಈಗ ಅಲ್ಲೇ ಇದೆ, ಟಿವಿಯ ಪಕ್ಕ. ಧಾರಾವಾಹಿ ಸಮಯಕ್ಕೆ ದೊಡ್ಡಮ್ಮನಿಗೆ ಬಿಟ್ಟುಕೊಡಬೇಕು ಅಂತ ಒಪ್ಪಂದ ಆಗಿದೆ. ಕ್ಯಾಸೆಟ್‌ನಲ್ಲಿ ಉಳಿಸಿಕೊಳ್ಳೋದಕ್ಕೆ ಒಂದು ಟೇಪ್ ರೆಕಾರ್ಡರ್ ಬೇಕು. ನಿಮ್ಮಲ್ಲಿ ಯಾರ ಮನೆಯಲ್ಲಾದರೂ ಕೆಲಸ ಮಾಡೋದು ಇದ್ದರೆ ತಿಳಿಸಿ. ದೊಡ್ಡಪ್ಪ ಈಗ ಅ, ಆ, ಇ, ಈಗೆ ಚೌಕ ತುಂಬುತ್ತಿದ್ದಾರೆ. ಒಂದೊಂದಕ್ಕೆ ಎರಡೆರಡು ಮನೆ ಬೇಕಂತೆ. ಚೌಕಳಿ ಪುಸ್ತಕದ ಗೆರೆ ಕಾಣದ ಕಾರಣ ನಾನು ಒಂದಿಂಚಿನ ಚೌಕ ಹಾಕಿ ದೊಡ್ಡ ಹಾಳೆಗಳಲ್ಲಿ ಮುದ್ರಿಸಿ ಕಳಿಸಿದ್ದೇನೆ, ಸ್ಕೆಚ್ ಪೆನ್ನಿನಲ್ಲಿ ತುಂಬಿ ಫೋನಿನಲ್ಲಿ ಸಂಖ್ಯೆ ಹೇಳುತ್ತಾರೆ.